ಫೇಟಾದ ಜೊತೆ ಹೋದ ಪಿನ್ನು

ನಿಪ್ಪಾಣಿಯ ಮುಜಫ್ಫರ ಕಟ್ಟಿದ ಫೇಟಾ ಬಿಚ್ಚುವುದಿಲ್ಲ. ಒಂದು ಸಲ ಸುತ್ತಿ, ಮೇಲೆ ತುರಾಯಿ ನಿಲ್ಲಿಸಿ, ಹಿಂದೆ ಸೆರಗು ಇಳಿಬಿಟ್ಟು ಪಿನ್ನು ಚುಚ್ಚಿದನೆಂದರೆ ಮುಗಿಯಿತು. ಅದನ್ನು ಟೊಪ್ಪಿಗೆಯಂತೆ ತಲೆಯಿಂದ ತೆಗೆದು ಗೂಟಕ್ಕೆ ಹಾಕಬಹುದು, ಮುಂದಿನ ವಾರ ಇನ್ನೊಬ್ಬರ ತಲೆಯ ಮೇಲೆ ಇಡಬಹುದು. ಮದುವೆ, ಸತ್ಕಾರ, ಸೊಸೈಟಿ ಚುನಾವಣೆಯ ಮೆರವಣಿಗೆ ಏನೇ ಇದ್ದರೂ ರಾಯಬಾಗದಿಂದ ಕೊಗನೊಳ್ಳಿಯ ತನಕ ಜನ ಅವನಿಗೇ ಫೋನು ಮಾಡುವುದು ಈ ಕಾರಣಕ್ಕೆ. ಹೋದ ಮದುವೆ ಹಂಗಾಮಿನಲ್ಲಿ ಅವನನ್ನು ಮೂರು ತಾಲೂಕು ಅಲೆಸಿದ್ದೂ ಇದೇ ಕೈಗುಣ.

ಫೇಟಾ ಅವನ ಹೊಟ್ಟೆಪಾಡು, ಪಿನ್ನು ಅವನ ಹುಚ್ಚು. ಸೀರೆಗೆ ಹಾಕುವ ಪಿನ್ನಲ್ಲ; ಕೋಟಿನ ಎದೆಗೋ ಅಂಗಿಯ ಕಾಲರಿಗೋ ಚುಚ್ಚಿಕೊಳ್ಳುವ, ಉಗುರಿನಗಲದ ಬಣ್ಣದ ಲೋಹದ ಬಿಲ್ಲೆಗಳು. ಅಂಥವನ್ನು ಕೂಡಿಡುವವರು ಜಗತ್ತಿನ ತುಂಬ ಇದ್ದಾರೆ. ಒಬ್ಬರು ರೈಲಿನ ಚಿತ್ರವಿದ್ದವನ್ನು ಕೂಡಿಸಿದರೆ ಇನ್ನೊಬ್ಬರು ಬೆಕ್ಕಿನವನ್ನು ಕೂಡಿಸುತ್ತಾರೆ. ನಲವತ್ತು ದಾಟಿದ ಮುಜಫ್ಫರ ತನ್ನ ಕಸುಬಿಗೆ ತಕ್ಕಂತೆ ತಲೆಯ ಮೇಲೆ ಇಟ್ಟುಕೊಳ್ಳುವ ವಸ್ತುವಿನ ಚಿತ್ರವಿದ್ದರೆ ಮಾತ್ರ ಮುಟ್ಟುತ್ತಾನೆ. ಬಾಣಸಿಗನ ಬಿಳಿ ಟೊಪ್ಪಿಗೆ, ರಾಣಿಯ ಕಿರೀಟ, ಗಣಿ ಕೆಲಸಗಾರನ ದೀಪದ ಟೊಪ್ಪಿಗೆ, ಹ್ಯಾಟು ಹಾಕಿಕೊಂಡ ಒಂದು ಬಾತುಕೋಳಿ. ಅವೆಲ್ಲ ಮನೆಯ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದ ಕೆಂಪು ಮಖಮಲ್ಲಿನ ಮೇಲೆ ಸಾಲಾಗಿ ನಿಂತಿವೆ.

“ಮಂದಿ ತಲೀಗೆ ಸುತ್ತಿ ಸುತ್ತಿ ನಿಮ್ಮ ತಲೀನೂ ಸುತ್ತಾಕತ್ತೈತಿ ನೋಡ್ರಿ” ಎನ್ನುತ್ತಾಳೆ ಹೆಂಡತಿ ಕಹಕಶಾ. ಅವಳದು ಅದೇ ಮನೆಯ ಪಡಸಾಲೆಯಲ್ಲಿ ಸೀರೆಗೆ ಫಾಲು ಹೊಲಿಯುವ ಕೆಲಸ. ಕಪಾಟಿನಿಂದ ಸೀರೆ ತೆಗೆಯಲು ಹೋದಾಗಲೆಲ್ಲ ಬಾತುಕೋಳಿ ಅವಳನ್ನು ದಿಟ್ಟಿಸುತ್ತದೆ.

ಪಿನ್ನುಗಳ ಅದಲುಬದಲು ನಡೆಯುವುದು ಫೇಸ್‌ಬುಕ್ಕಿನ ಒಂದು ಗುಂಪಿನಲ್ಲಿ. ಫೋಟೋ ಹಾಕುವುದು, ಮಾತು ಕುದುರಿದರೆ ಇಬ್ಬರೂ ಅಂಚೆಯಲ್ಲಿ ಕಳಿಸುವುದು. ದುಡ್ಡಿನ ಮಾತಿಲ್ಲ. ಗುಂಪಿನ ಕಟ್ಟಳೆ ಎರಡೇ: ಹೊಸಬರು ಮೊದಲು ಕಳಿಸಬೇಕು, ಬಂದ ಪಿನ್ನನ್ನು ತನ್ನದು ಹೋಗುವ ತನಕ ಸಾಲಿಗೆ ಸೇರಿಸಬಾರದು. ಹೊರದೇಶದವರ ಜೊತೆ ಮುಜಫ್ಫರ ಮಾತಾಡುವುದು ಫೋನಿನ ಅನುವಾದದ ಮೂಲಕ. ಮನೆಯಲ್ಲಿ ಆಡುವ ಮಾತು ಹಾಕಿದರೆ ಫೋನು ತಬ್ಬಿಬ್ಬಾಗುತ್ತದೆಂದು ಅವನು ಶಾಲೆಯ ಪುಸ್ತಕದ ಕನ್ನಡದಲ್ಲಿ ಬರೆಯುತ್ತಾನೆ. ಅತ್ತ ಕಡೆಯವರ ಉತ್ತರಗಳೂ ಹಾಗೇ, ಹೆಗಲ ಮೇಲೆ ಶಲ್ಯ ಹೊದ್ದುಕೊಂಡು ಬರುತ್ತವೆ.

ಚೆಕ್ ದೇಶದ ಯಾನಾ ಆ ಗುಂಪಿನ ಹಿರಿಯ ಸದಸ್ಯೆ. ಆಕೆ ಕೂಡಿಸುವುದು ಸಕ್ಕರೆಗೆ ಸಂಬಂಧಪಟ್ಟ ಪಿನ್ನು ಮಾತ್ರ. ಅಲ್ಲಿ ಸಕ್ಕರೆಯನ್ನು ಬೀಟ್‌ರೂಟಿನ ಜಾತಿಯ ಗಡ್ಡೆಯಿಂದ ತೆಗೆಯುತ್ತಾರೆ, ಕಬ್ಬು ಅವಳಿಗೆ ಅಪರೂಪ. ಮುಜಫ್ಫರನ ಬಳಿ ಈ ಕಡೆಯ ಯಾವುದೋ ಹಳೆಯ ಸಕ್ಕರೆ ಕಾರ್ಖಾನೆ ಬೆಳ್ಳಿಹಬ್ಬಕ್ಕೆ ಹಂಚಿದ್ದ ಪಿನ್ನೊಂದಿತ್ತು. ಎರಡು ಕಬ್ಬಿನ ಜಲ್ಲೆ ಕತ್ತರಿಯಾಗಿ ನಿಂತಿವೆ, ನಡುವೆ ಒಂದು ಹನಿ ರಸ. ಅದಕ್ಕೆ ಬದಲಾಗಿ ಯಾನಾ ಕೊಡಲೊಪ್ಪಿದ್ದು ಬೆಂಕಿ ಆರಿಸುವವರ ಹಿತ್ತಾಳೆ ಶಿರಸ್ತ್ರಾಣದ ಪಿನ್ನು: ಮೇಲೆ ನವಿಲಿನ ಜುಟ್ಟಿನಂಥ ಏಣು, ಅಂಚಿಗೆ ಕೆಂಪು ಮೀನಾಕಾರಿ ಮೆರುಗು. ಅದರ ಫೋಟೋವನ್ನು ಮುಜಫ್ಫರ ಊಟದ ತಾಟಿನ ಪಕ್ಕದಲ್ಲಿಟ್ಟುಕೊಂಡು ನೋಡುತ್ತಿದ್ದ.

ಯಾನಾ ಕಟ್ಟಳೆ ಮುರಿದಳು. “ತಮ್ಮ ಮುಖದಲ್ಲಿ ನಂಬಿಕೆ ಕಾಣುತ್ತದೆ” ಎಂದು ಬರೆದು, ಹೊಸಬನಾದ ಅವನಿಗಿಂತ ಮೊದಲು ತಾನೇ ಕಳಿಸಿಬಿಟ್ಟಳು. ಶಿರಸ್ತ್ರಾಣ ನಿಪ್ಪಾಣಿಗೆ ಬಂದು ಮುಟ್ಟಿತು.

ಮರುದಿನ ಕೊಗನೊಳ್ಳಿಯಲ್ಲಿ ಮದುವೆ. ಕೆಲಸ ಮುಗಿಸಿ ಹಾಗೇ ಅಂಚೆಗೆ ಹಾಕೋಣವೆಂದು ಮುಜಫ್ಫರ ಕಬ್ಬಿನ ಪಿನ್ನನ್ನು ಜಾಕೀಟಿನ ಒಳಗೆ ಚುಚ್ಚಿಕೊಂಡು ಹೋದ. ಮಂಟಪದಲ್ಲಿ ಬೀಗರಿಗೆಲ್ಲ ಫೇಟಾ ಕಟ್ಟಿದ್ದಾಯಿತು. ಮಾಮೂಲಿ ಪಿನ್ನಿನ ಡಬ್ಬಿಯನ್ನು ಹುಡುಗಿಯರು ಸೀರೆಯ ನಿರಿಗೆಗೆಂದು ಎತ್ತಿಕೊಂಡು ಹೋಗಿ ಖಾಲಿ ಮಾಡಿದ್ದರು. ಅಷ್ಟರಲ್ಲಿ ಏಕಸಂಬಿಯ ಕಾಕಾಸಾಹೇಬರು ಬಂದರು. ದೊಡ್ಡ ಕಬ್ಬಿನ ತೋಟದ ಧಣಿ, ಅದಕ್ಕಿಂತ ದೊಡ್ಡ ತಲೆ. ಸುತ್ತು ಸಾಲದೆ ತುರಾಯಿ ವಾಲುತ್ತಿದೆ, ಮೈಕಿನವನು ಅವರ ಹೆಸರು ಕೂಗುತ್ತಿದ್ದಾನೆ. ಮುಜಫ್ಫರ ಜಾಕೀಟಿಗೆ ಕೈ ಹಾಕಿ ಕಬ್ಬಿನ ಪಿನ್ನು ತೆಗೆದು ತುರಾಯಿಯ ಬುಡಕ್ಕೆ ಚುಚ್ಚಿ, ಹಿಂದಿನ ಬಿರಡೆ ಒತ್ತಿದ. ಊಟಕ್ಕೆ ಕೂತಾಗ ಫೇಟಾ ತೆಗೆದಿಡುತ್ತಾರೆ, ಆಗ ಬದಲಿಸಿದರಾಯಿತು ಎಂಬುದು ಅವನ ಲೆಕ್ಕ. ಕಾಕಾಸಾಹೇಬರು ಊಟಕ್ಕೆ ಕೂರಲೇ ಇಲ್ಲ. ಅಕ್ಷತೆ ಹಾಕಿದವರೇ ಫೇಟಾ ಸಮೇತ ಜೀಪು ಹತ್ತಿದರು.

“ಬೆನ್ನು ಹತ್ತಿ ಕೇಳಬೇಕಿತ್ತಲ್ರಿ” ಎಂದಳು ಕಹಕಶಾ, ಅವನು ಮನೆಗೆ ಬಂದು ಹೇಳಿದಾಗ.

“ಹೆಂಗ ಕೇಳಲಿ? ಸತ್ಕಾರದ ಫೇಟಾ ಅದು. ಕೊಟ್ಟಿದ್ದನ್ನ ವಾಪಸ್ ಕೇಳಿದ್ರ ಮಂದ್ಯಾಗ ತಲೀ ಮ್ಯಾಲಿನ ಮಾನಾ ಇಳಿಸಿದಂಗ. ನಾಳೆಯಿಂದ ನನ್ನ ಯಾರು ಕರೀತಾರ?”

“ಹಂಗಾರ ಆ ಮೇಡಂಗ ಬರೀರಿ. ನಿಮ್ಮ ಪಿನ್ನು ಒಬ್ಬರ ತಲೀ ಮ್ಯಾಲೆ ಕೂತು ಏಕಸಂಬಿಗೆ ಹೋಗೇತಿ ಅಂತ.”

ಮುಜಫ್ಫರ ಬರೆಯಲಿಲ್ಲ. ಗುಂಪಿನಲ್ಲಿ ಯಾನಾ ತನ್ನ ಹಲಗೆಯ ಫೋಟೋ ಹಾಕಿದ್ದಳು. ಸಕ್ಕರೆ ಪಿನ್ನುಗಳ ಸಾಲಿನ ನಡುವೆ ಒಂದು ಜಾಗ ಖಾಲಿ. ಕೆಳಗೆ “ಭಾರತದ ಕಬ್ಬಿಗಾಗಿ” ಎಂಬ ಚೀಟಿ. ನೂರಾರು ಜನ ಅದಕ್ಕೆ ಹೃದಯ ಒತ್ತಿದ್ದರು. ಬರೀ ಫೋಟೋ ನೋಡಿ ನಂಬಿದವಳ ಮುಂದೆ, ಇಷ್ಟು ಜನರ ಎದುರಿಗೆ, ತಾನು ಕಳ್ಳನಾಗಬೇಕೇ? ಶಿರಸ್ತ್ರಾಣವನ್ನು ಮಖಮಲ್ಲಿಗೆ ಹಚ್ಚುವಂತಿಲ್ಲ, ಡಬ್ಬಿಯಲ್ಲಿಟ್ಟು ಮರೆಯಲೂ ಮನಸ್ಸಿಲ್ಲ. ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮುಜಫ್ಫರ ಗಾಡಿ ಹತ್ತಿದ.

ಏಕಸಂಬಿಯಲ್ಲಿ ಕಾಕಾಸಾಹೇಬರು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು.

“ಸಾವಕಾರ, ಆವತ್ತು ಗಡಿಬಿಡ್ಯಾಗ ಕಟ್ಟಿದ್ದೆ. ಫೇಟಾ ಸಡಲ ಆಗಿದ್ರ ಒಂಚೂರು ಸರಿ ಮಾಡಿ ಹೋಗೂಣು ಅಂತ ಬಂದೆ.”

ಕಾಕಾಸಾಹೇಬರು ಒಳಗಿದ್ದ ಹೆಂಡತಿಗೆ ಕೇಳುವಂತೆ ಕೂಗಿದರು. “ಕೇಳಿದೇನ, ಸುಂದರಾ? ಸರ್ವಿಸ್ ಅಂದ್ರ ಇದು! ಟ್ರ್ಯಾಕ್ಟರ್ ಕಂಪನಿಯವರನ್ನ ಹತ್ತು ಸಲ ಕರದರೂ ಬರೂದಿಲ್ಲ.” ಆಮೇಲೆ ದನಿ ಇಳಿಸಿ, “ಆದರ ಅದು ಇಲ್ಲಿಲ್ಲಪಾ. ಯಡೂರಿನ ನಮ್ಮ ಧರೆಪ್ಪನ ಎತ್ತು ಓಡೂ ಶರತ್ತಿನ್ಯಾಗ ಮೊದಲ ಬಂದೂವು. ಬರಿಗೈಲೆ ಹೆಂಗ ಹೋಗೂದು? ಅದನ್ನ ಒಯ್ದು ಇಟ್ಟು ಬಂದೆ. ನೀ ಕಟ್ಟಿದ್ದು ಹಂಗ ಗಟ್ಟಿ ಇತ್ತು.”

“ಪಿನ್ನು ಸಮೇತರಿ?”

“ಮತ್ತ? ಪಿನ್ನಿಂದನ ಅದಕ್ಕ ಕಳೆ. ನಮ್ಮಕಿ ಬಿಚ್ಚಿ ಇಟ್ಕೊಳ್ಳಾಕ ಹೋದ್ಲು, ಬ್ಯಾಡ ಅಂದೆ.”

ಬಂದವನನ್ನು ಅವರು ಸುಮ್ಮನೆ ಬಿಡಲಿಲ್ಲ. ಹೊಸ ಬಟ್ಟೆ ತರಿಸಿ ತಮಗೊಂದು ಕಟ್ಟಿಸಿಕೊಂಡರು. ಗೋಡೆಯಾಚೆಯಿಂದ ಇಣುಕಿದ ನೆರೆಯವರಿಗೂ ಒಂದು ಕಟ್ಟಿಸಿದರು. ಆ ದೊಡ್ಡ ತಲೆಗೆ ಸಾಕಾಗುವಷ್ಟು ಬಟ್ಟೆ ಈ ಸಲ ಇತ್ತು, ಮಾಮೂಲಿ ಪಿನ್ನೂ ಇತ್ತು.

ಯಡೂರಿನಲ್ಲಿ ಧರೆಪ್ಪ ಹೊಳೆಯ ದಂಡೆಯಲ್ಲಿ ಎತ್ತುಗಳ ಮೈ ತೊಳೆಯುತ್ತಿದ್ದ. ಮುಜಫ್ಫರ ಅದೇ ಮಾತು ಒಪ್ಪಿಸಿದ. ಧರೆಪ್ಪ ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಫೋನು ತೆಗೆದ.

“ಫೇಟಾ ನಾ ಎಲ್ಲಿ ಇಟ್ಕೊಂಡೇನ್ರಿ? ಓಡಿದಾಂವ ನಾನಲ್ಲ, ಇಂವ.” ಫೋಟೋದಲ್ಲಿ ಬಿಳಿ ಎತ್ತೊಂದು ಎರಡು ಕೋಡಿನ ನಡುವೆ ಕೇಸರಿ ಫೇಟಾ ಇಟ್ಟುಕೊಂಡು, ಕಾಕಾಸಾಹೇಬರಷ್ಟೇ ಗಾಂಭೀರ್ಯದಿಂದ ನಿಂತಿತ್ತು. ತುರಾಯಿಯ ಬುಡದಲ್ಲಿ ಕಬ್ಬಿನ ಜಲ್ಲೆ ಮಿಂಚುತ್ತಿದ್ದವು. “ಊರೆಲ್ಲಾ ಮೆರವಣಿಗಿ ಆತು, ಹಲಗಿ ಬಡದರು, ಇಂವ ತಲೀ ಝಾಡಿಸಿದಾ. ಬೀಳಲಿಲ್ಲ ನೋಡ್ರಿ!”

“ಈಗ ಎಲ್ಲೈತ್ರಿ ಅದು?”

“ನಮ್ಮ ಅಕ್ಕಗ ಕೊಟ್ಟೆ. ರಾಜಮತಿ ಅಕ್ಕ, ಕಾಗವಾಡದಾಗ ಹೆಣ್ಣಮಕ್ಕಳ ಹಾಲಿನ ಡೇರಿಗೆ ಅಧ್ಯಕ್ಷಿ ಆಗ್ಯಾಳ. ಬಂದೀರಲ್ಲ, ಇವನ ಜೋಡಿ ಎತ್ತಿಗೂ ಒಂದು ಕಟ್ಟಿ ಹೋಗ್ರಿ. ಆವತ್ತಿಂದ ಅದು ಸೆಟಗೊಂಡು ನಿಂತೈತಿ.”

ಮುಜಫ್ಫರ ತನ್ನ ಇಪ್ಪತ್ತು ವರ್ಷದ ಕಸುಬಿನಲ್ಲಿ ಮೊದಲ ಬಾರಿಗೆ ಎತ್ತಿಗೆ ಫೇಟಾ ಕಟ್ಟಿದ. ಮನುಷ್ಯರಿಗಿಂತ ಅದು ಸುಮ್ಮನೆ ನಿಂತಿತ್ತೆಂದು ಆಮೇಲೆ ಕಹಕಶಾಳಿಗೆ ಹೇಳಿದ.

ಮಾಂಜರಿಯ ಸೇತುವೆ ದಾಟುವ ಮೊದಲು ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿ ಫೋನು ನೋಡಿದರೆ ಯಾನಾಳ ಸಂದೇಶ: “ಮಾನ್ಯರೇ, ತಾವು ಕ್ಷೇಮವಷ್ಟೇ? ಶಿರಸ್ತ್ರಾಣವು ತಮಗೆ ಇಷ್ಟವಾಗದಿದ್ದಲ್ಲಿ ಸಂಕೋಚವಿಲ್ಲದೆ ತಿಳಿಸಿರಿ.” ಬೈದಿದ್ದರೆ ಸಹಿಸಬಹುದಿತ್ತು. ತನ್ನ ಪಿನ್ನೇ ಅವನಿಗೆ ಹಿಡಿಸಲಿಲ್ಲವೇನೋ ಎಂದು ಆಕೆ ಅಂಜಿಕೊಂಡಿದ್ದಳು. ಮುಜಫ್ಫರ ಚಹಾವನ್ನು ಅರ್ಧಕ್ಕೇ ಬಿಟ್ಟು ಗಾಡಿಯ ಕಿಕ್ ಹೊಡೆದ.

ಕಾಗವಾಡದ ಡೇರಿಯಲ್ಲಿ ಸಂಜೆಯ ಹಾಲು ಬರುವ ಹೊತ್ತು. ಕ್ಯಾನುಗಳ ಸಾಲಿನಾಚೆ ಕುರ್ಚಿಯಲ್ಲಿ ಕೂತಿದ್ದ ರಾಜಮತಿ ಅಕ್ಕ ಅರವತ್ತರ ಹತ್ತಿರದವರು. ಫೇಟಾ ಹಿಂದಿನ ಕಪಾಟಿನ ಮೇಲಿತ್ತು, ಆದರೆ ತುರಾಯಿಯ ಬುಡ ಬೋಳಾಗಿತ್ತು. ಕಬ್ಬಿನ ಪಿನ್ನು ಅವರ ಹೆಗಲ ಮೇಲೆ ಸೆರಗು ಹಿಡಿದುಕೊಂಡಿತ್ತು.

ಮುಜಫ್ಫರ ಸಡಿಲವಾದ ಫೇಟಾದ ಮಾತು ಶುರು ಮಾಡಿದ. ಅವರು ಪೂರ್ತಿ ಕೇಳಿದರು, ನಡುವೆ ಒಬ್ಬಳ ಹಾಲು ಅಳೆಸಿದರು, ಆಮೇಲೆ ಕನ್ನಡಕ ಸರಿಸಿ ಅವನತ್ತ ನೋಡಿದರು.

“ಫೇಟಾ ಸಡಲ ಆಗೇತೇನು ಅಂತ ನೋಡಾಕ ನಿಪ್ಪಾಣಿಯಿಂದ ಕಾಗವಾಡಕ್ಕ ಯಾರೂ ಬರೂದಿಲ್ಲಪಾ. ಹಾಲಿಗೆ ನೀರು ಹಾಕೂದು ಬಿಡು. ಖರೇ ಏನೈತಿ ಹೇಳು.”

ಮುಜಫ್ಫರ ಎಲ್ಲ ಹೇಳಿದ. ಪಡಸಾಲೆ, ಎತ್ತು, ಚೆಕ್ ದೇಶ, ಹಲಗೆಯ ಮೇಲಿನ ಖಾಲಿ ಜಾಗ. ಹಾಲು ಹಾಕಲು ಬಂದಿದ್ದ ಹೆಂಗಸರು ಕ್ಯಾನು ಕೆಳಗಿಟ್ಟು ಸುತ್ತ ನಿಂತರು.

“ಅಂದ್ರ ಆಕಿ ನಿನ್ನ ಮಾರಿ ನೋಡಿಲ್ಲ?”

“ಫೋಟೋ ನೋಡ್ಯಾರ್ರಿ.”

“ಮತ್ತ ಮೊದಲ ಕಳಿಸ್ಯಾಳ?”

“ಹೌದ್ರಿ.”

“ನಾವಿಲ್ಲಿ ಒಡಹುಟ್ಟಿದಾಕಿ ಹಾಲಿಗೂ ಫ್ಯಾಟ್ ನೋಡ್ತೀವಿ” ಎಂದರು ರಾಜಮತಿ ಅಕ್ಕ. ಹೆಂಗಸರಲ್ಲೊಬ್ಬಳು, ಪ್ರಾಯಶಃ ಒಡಹುಟ್ಟಿದಾಕೆಯೇ, ಕಿಸಕ್ಕನೆ ನಕ್ಕಳು.

“ನೋಡಪಾ, ಸತ್ಕಾರದಾಗ ಬಂದದ್ದು. ವಾಪಸ್ ಕೊಡಾಕ ಬರೂದಿಲ್ಲ, ನನ್ನ ತಮ್ಮಗೂ ಅವಮಾನ, ನನಗೂ ಅವಮಾನ.” ಮುಜಫ್ಫರನ ಮುಖ ಬಿತ್ತು. “ಆದರ ನಿಮ್ಮ ಮಂದ್ಯಾಗ ಬದಲಿ ಮಾಡ್ಕೋತಾರ ಅಂದೆಲ್ಲ? ಬದಲಿ ಮಾಡಿದ್ರ ಅದಕ್ಕ ಯಾರೂ ಏನೂ ಅನ್ನೂದಿಲ್ಲ. ಏನೈತಿ ನಿನ್ನ ಹಂತೇಲಿ? ತೋರಸು.”

ಮುಜಫ್ಫರ ಕುಣಿಯುವುದೊಂದು ಬಾಕಿ. ತನ್ನ ಬಳಿ ಎರಡೆರಡಿದ್ದ ಪಿನ್ನುಗಳನ್ನು ಅದಲುಬದಲಿಗೆಂದೇ ಬ್ಯಾಗಿನಲ್ಲಿಟ್ಟುಕೊಂಡಿದ್ದ ಡಬ್ಬಿ ತೆರೆದು, ಹಾಲಿನ ಕ್ಯಾನಿನ ಮುಚ್ಚಳದ ಮೇಲೆ ಒಂದೊಂದಾಗಿ ಜೋಡಿಸಿದ. ಕಿರೀಟವನ್ನು ಅವರು ನಾಟಕದವರದೆಂದು ಬದಿಗೆ ಸರಿಸಿದರು. ಬಾಣಸಿಗನ ಟೊಪ್ಪಿಗೆಗೆ, “ಮನ್ಯಾಗ ಅಡಗಿ ಮಾಡಿ ಸಾಕಾಗೇತಿ, ಎದೀ ಮ್ಯಾಲೂ ಅದನ್ನ ಹೊತ್ತ ತಿರಗಲೇನು?” ಎಂದರು. ಎಲ್ಲ ಮುಗಿದ ಮೇಲೆ ಅವನ ಜೇಬಿನ ಕಡೆ ಬೆರಳು ಮಾಡಿದರು.

“ಮಾತಾಡುವಾಗೆಲ್ಲಾ ಅಲ್ಲಿ ಮುಟ್ಟಿ ನೋಡ್ಕೊಳ್ಳಾಕತ್ತಿ. ಅದೇನು?”

ಅದು ಶಿರಸ್ತ್ರಾಣ. ಅವರು ಅದನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದರು. “ಇದೇನು?”

“ಬೆಂಕಿ ಆರಸೂ ಮಂದಿ ತಲೀಗೆ ಹಾಕ್ಕೋತಾರ್ರಿ.”

“ಹಂಗಾರ ಇದು ನನಗ ಬೇಕ ಬೇಕು. ಈ ಡೇರ್ಯಾಗ ದಿನಾ ಒಂದು ಕಡೆ ಹತ್ತತೈತಿ.”

ಮುಜಫ್ಫರ ಮುಚ್ಚಳದ ಮೇಲಿನ ಪಿನ್ನುಗಳನ್ನು ಇನ್ನೊಮ್ಮೆ ಅವರ ಮುಂದೆ ಸರಿಸಿದ. ಇಷ್ಟು ದಿನ ಕಪಾಟಿನ ಬಾಗಿಲು ತೆರೆದು, ಕಿರೀಟದ ಮೇಲೋ ಬಾತುಕೋಳಿಯ ಪಕ್ಕದಲ್ಲೋ ಎಂದು ಅದಕ್ಕೆ ಜಾಗ ನೋಡುತ್ತಿದ್ದವನು. ಕಬ್ಬು ಯಾನಾಳಿಗೆ ಮುಟ್ಟಬೇಕಾದರೆ ಯಾನಾ ಕೊಟ್ಟದ್ದು ಇಲ್ಲೇ ಉಳಿಯಬೇಕು. ಕೊನೆಗೆ ಅವನ ಕೈಗೆ ಏನೂ ಇಲ್ಲ.

“ಬ್ಯಾರೆ ಏನರ…”

“ಬ್ಯಾರೆ ಏನಿಲ್ಲ. ವಿಚಾರ ಮಾಡು, ಅವಸರಿಲ್ಲ. ಆಕಿ ಎಷ್ಟ ದಿನಾ ಆದ್ರೂ ಕಾಯ್ತಾಳಲ್ಲ.”

ಆ ಕೊನೆಯ ಮಾತು ನಾಟಿತು. “ತಗೋರಿ” ಎಂದ ಮುಜಫ್ಫರ. ಅವರು ಸೆರಗಿನ ಕಬ್ಬು ಬಿಚ್ಚಿ ಅವನ ಕೈಗಿಟ್ಟರು. ಶಿರಸ್ತ್ರಾಣವನ್ನು ಅವನೇ ಅವರ ಸೆರಗಿಗೆ ಚುಚ್ಚಿದ, ತುಸು ಓರೆಯಾಗಿ, ಅಂಚಿನ ಕೆಂಪು ಕಾಣುವಂತೆ. ಫೇಟಾವನ್ನು ಅವರ ತಲೆಗಿಟ್ಟು ಒಂದು ಫೋಟೋವನ್ನೂ ತೆಗೆದ. ಕಸುಬುದಾರನ ಕೈ, ಅರ್ಧ ಮನಸ್ಸಿನಿಂದ ಮಾಡಿದರೂ ಕೆಲಸ ಚೆನ್ನಾಗಿಯೇ ಆಗುತ್ತದೆ.

ಮರುದಿನ ಬೆಳಿಗ್ಗೆ ನಿಪ್ಪಾಣಿಯ ಅಂಚೆಯಲ್ಲಿ ಕಬ್ಬಿನ ಪಿನ್ನನ್ನು ರಿಜಿಸ್ಟರ್ ಮಾಡಿಸಿ, ಅಲ್ಲೇ ಬೆಂಚಿನ ಮೇಲೆ ಕೂತು ಯಾನಾಳಿಗೆ ಪುಸ್ತಕದ ಕನ್ನಡದಲ್ಲಿ ಉದ್ದಕ್ಕೆ ಬರೆದ. ಏನನ್ನೂ ಮುಚ್ಚಲಿಲ್ಲ. ಧರೆಪ್ಪನಿಂದ ತರಿಸಿಕೊಂಡ ಎತ್ತಿನ ಫೋಟೋ, ರಾಜಮತಿ ಅಕ್ಕನ ಫೋಟೋ ಎರಡನ್ನೂ ಸೇರಿಸಿದ. ಸಂಜೆಯ ತನಕ ಉತ್ತರವಿಲ್ಲ. ಆಮೇಲೆ ಬಂತು: “ಮಾನ್ಯರೇ, ನಾನು ಇಷ್ಟು ನಕ್ಕು ಬಹುಕಾಲವಾಯಿತು. ನನ್ನ ಶಿರಸ್ತ್ರಾಣವು ಯೋಗ್ಯ ಮಹಿಳೆಯನ್ನು ಸೇರಿದೆ.” ಪಿನ್ನು ಮುಟ್ಟಿದಾಗ ಯಾನಾ ಹಲಗೆಯ ಹೊಸ ಫೋಟೋ ಹಾಕಿದಳು. ಕಬ್ಬಿನ ಕೆಳಗೆ ಹೊಸ ಚೀಟಿ ಬರೆದಿದ್ದಳು. ಇದನ್ನು ಧರಿಸಿದವರು ಇಬ್ಬರು ಗಣ್ಯರು ಮತ್ತು ಒಂದು ಎತ್ತು ಎಂದು.

“ಗಣ್ಯರಂದ್ರ ಆ ಇಬ್ಬರ. ನೀವು ಲೆಕ್ಕದಾಗ ಇಲ್ಲ” ಎಂದಳು ಕಹಕಶಾ.

ಮುಜಫ್ಫರ ಆ ಫೋಟೋಗೆ ಹೃದಯ ಒತ್ತಿ ಫೋನು ಕೆಳಗಿಡುವಷ್ಟರಲ್ಲಿ ಅದು ಗುಂಯ್‌ಗುಟ್ಟಿತು. ಕಾಗವಾಡದಿಂದ ರಾಜಮತಿ ಅಕ್ಕ.

“ಏನಪಾ, ಆ ಬೆಂಕಿ ಟೊಪಗಿ ಕೊಟ್ಟಾಕಿ ಹಂತೇಲಿ ಆಕಳದ್ದು ಏನರ ಐತೇನು? ನಮ್ಮ ಡೇರಿ ಬಿಲ್ಲೆ ಐತಿ, ಆಕಿಗೆ ಕೊಡ್ತೀನಿ.”

“ಕೇಳಿ ಹೇಳ್ತೀನ್ರಿ, ಅಕ್ಕಾರ.”

“ನೀ ಯಾಕ ಕೇಳ್ತಿ? ಆಕಿ ನಂಬರ್ ಕಳಸು. ನಿನ್ನ ನಡಕ ಇಟ್ಕೊಂಡ್ರ ಪಿನ್ನು ಎತ್ತಿನ ತಲೀಗೆ ಹೋಗತೈತಿ.”