ತಂಬೂರಿ ಕೇಳದ ಪೆಟ್ಟಿಗೆಗಳು

ನಮ್ಮ ಮನೆಯ ಟಿವಿಗೆ ದನಿ ಸರಿಯಿಲ್ಲ ಎಂದು ಮೊದಲು ಹೇಳಿದವರು ನನ್ನ ಗಂಡ. "ಬಾಯಾಗ ಅಡಕಿ ಇಟ್ಕೊಂಡು ಮಾತಾಡಿದಂಗ ಮಾತಾಡ್ತಾಳ ನೋಡು ಇಕಿ," ಎಂದು ಸುದ್ದಿ ಓದುವ ಹುಡುಗಿಯನ್ನು ಬೈದರು. ಸ್ವಲ್ಪ ದಿನ ಕಳೆದ ಮೇಲೆ ಹಾಡುವವರನ್ನೂ ಬೈಯತೊಡಗಿದರು. ಅವರು ಹಾಡುವವರನ್ನು ಬೈದದ್ದನ್ನು ನಾನು ಕಂಡದ್ದು ಅದೇ ಮೊದಲು.

ನಾವು ಗದಗ ಪಕ್ಕದ ಬೆಟಗೇರಿಯ ನೇಕಾರರು. ಮನೆಯ ಮುಂದಿನ ಪಡಸಾಲೆಯಲ್ಲಿ ಎರಡು ವಿದ್ಯುತ್ ಮಗ್ಗ ಹಾಕಿಕೊಂಡು ಸೀರೆ ನೇಯ್ದು ಬದುಕಿದವರು. ಮೀಸೆ ಮೂಡುವ ಮೊದಲೇ ಮಗ್ಗದ ಮುಂದೆ ನಿಂತ ನನ್ನ ಗಂಡ ಮೊಣಕಾಲು ಸೋಲುವವರೆಗೆ ಅಲ್ಲೇ ನಿಂತಿದ್ದರು. ನಾನು ಹಿಂದಿನ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಕಂಡಿಕೆಗೆ ನೂಲು ಸುತ್ತುತ್ತಿದ್ದೆ, ಅಡುಗೆ ಮಾಡುತ್ತಿದ್ದೆ. ಅವರಿಗೆ ಕುಡಿಯುವ ಚಟವಿರಲಿಲ್ಲ, ಇಸ್ಪೀಟಿನ ಚಟವಿರಲಿಲ್ಲ. ಇದ್ದದ್ದು ಒಂದೇ, ಸಂಗೀತ ಕೇಳುವುದು. ಗದಗಿನಲ್ಲಿ ಅದಕ್ಕೇನು ಬರ? ಎಲ್ಲಿ ಹಾಡುಗಾರಿಕೆ ಇದ್ದರೂ ಸೈಕಲ್ ಹತ್ತಿ ಹೋಗುತ್ತಿದ್ದರು. ಒಂದು ಅಕ್ಷರ ಹಾಡಲು ಬಾರದು, ಹಾರ್ಮೋನಿಯಂ ಪೆಟ್ಟಿಗೆ ಬಾರಿಸಲು ಬಾರದು. ಆದರೆ ಹಾಡುವವರು ಎಲ್ಲಿ ಏರಿದರು, ಎಲ್ಲಿ ತಪ್ಪಿಸಿಕೊಂಡು ಮತ್ತೆ ಬಂದು ಕೂಡಿಕೊಂಡರು ಎಂದು ಮರುದಿನ ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯುವುದನ್ನು ಮರೆತು ಹೇಳುತ್ತಿದ್ದರು. ನಾನು ಹೂಂ ಹೂಂ ಎನ್ನುತ್ತಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು ಎಂದು ಅವರೇ ನಗುತ್ತಿದ್ದರು.

ಮಗ್ಗ ನಡೆಯುವಾಗ ಹಾಡು ಕೇಳಲು ಆಗುವುದಿಲ್ಲ. ಹಾಗಾಗಿ ಅವರ ಹತ್ತಿರ ಕ್ಯಾಸೆಟ್ಟುಗಳು ರಾಶಿ ಬಿದ್ದಿದ್ದವು, ಆಮೇಲೆ ಸೀಡಿಗಳು, ಆಮೇಲೆ ಮೊಬೈಲಿನಲ್ಲಿ ತುಂಬಿಸಿಟ್ಟದ್ದು. "ಮಗ್ಗ ನಿಲ್ಲಲಿ, ಆಮ್ಯಾಲ ಕುಂತು ಮನಸ್ಸು ತುಂಬ ಕೇಳ್ತೀನಿ," ಎನ್ನುವುದು ಅವರ ದಿನದ ಮಾತು. ಕೆಲವರು ಕಾಶಿಗೆ ಹೋಗುವುದನ್ನು ಮುಂದೂಡುತ್ತಾರೆ, ಇವರು ಇದನ್ನು ಮುಂದೂಡಿದ್ದರು.

ಮಗ್ಗ ಮಾರಿದ ಮೇಲೆ ಪಡಸಾಲೆ ಬಯಲಾಯಿತು. ಅಲ್ಲಿಗೆ ಗೋಡೆಗೆ ಹಾಕುವ ತೆಳ್ಳಗಿನ ಟಿವಿ ಬಂತು. ಅದರಲ್ಲೇ ಹಾಡು ಹಚ್ಚಿಕೊಂಡು ಕುಳಿತರು. ಆಗಲೇ ಶುರುವಾದದ್ದು ಈ ದನಿ ಸರಿಯಿಲ್ಲ ಎಂಬ ರಗಳೆ. ಟಿವಿ ತೆಳ್ಳಗಾದಷ್ಟೂ ಅದರ ದನಿಯೂ ತೆಳ್ಳಗಾಗುತ್ತದೆ, ಸ್ಪೀಕರ್ ಹಿಂದಿನ ಗೋಡೆಗೆ ಮುಖ ಮಾಡಿರುತ್ತದೆ, ಬೇರೆ ಪೆಟ್ಟಿಗೆ ಇಟ್ಟರೆ ಸರಿಹೋಗುತ್ತದೆ ಎಂದು ಎಲ್ಲರೂ ಹೇಳಿದರು. ಮಾತು ಖರೆಯೇ ಇತ್ತು. ನಾನೂ ನಂಬಿದೆ.

ಟಾಂಗಾಕೂಟದ ಕಡೆ ಒಂದು ಅಂಗಡಿಗೆ ಹೋದೆವು. ಅಂಗಡಿಯವನು ಮಾತುಗಾರ. ಟಿವಿಯ ಕೆಳಗೆ ಇಡುವ ಉದ್ದನೆಯ ಸೌಂಡ್ ಬಾರ್ ತೆಗೆದಿಟ್ಟು, ಸಿನಿಮಾದ ಹೊಡೆದಾಟ ಹಚ್ಚಿ, ಗಾಜಿನ ಬಾಗಿಲು ನಡುಗಿಸಿ ನಮ್ಮ ಮುಖ ನೋಡಿದ. ನಮ್ಮವರು ಕೈ ಎತ್ತಿದರು.

"ಅದು ಬ್ಯಾಡಪಾ. ಇದನ್ನ ಹಚ್ಚು," ಎಂದು ತಮ್ಮ ಮೊಬೈಲು ಕೊಟ್ಟರು. ಅದರಲ್ಲಿದ್ದದ್ದು ಅವರಿಗೆ ಬಹಳ ಬೇಕಾದ ಒಂದು ಹಳೆಯ ಹಾಡುಗಾರಿಕೆ. ಅಂಗಡಿಯವನು ಹಚ್ಚಿದ. ಇವರು ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೇಳಿ, ತಲೆ ಅಲ್ಲಾಡಿಸಿದರು.

"ಇದರಾಗ ತಂಬೂರಿ ಇಲ್ಲ."

"ಐತ್ರಿ ಕಾಕಾರ."

"ಇಲ್ಲೋ. ಬರೇ ಹಾಡಾವನ ಐದಾನ. ಹಿಂದ ಏನೂ ಇಲ್ಲ."

ಅವನು ಇನ್ನೊಂದು ತೆಗೆದ. ಅದಕ್ಕೆ ನೆಲದ ಮೇಲಿಡುವ ದಪ್ಪ ವೂಫರ್ ಇತ್ತು. ತಬಲದ ಎಡಗೈಯ ಪೆಟ್ಟು ಎದೆಯೊಳಗೆ ಬಂದು ಬಡಿಯಿತು. ಇವರ ಮುಖ ಅರಳಿತು, ಮತ್ತೆ ಬಾಡಿತು. ಇನ್ನೊಂದು ತೆಗೆದ. ಮತ್ತೊಂದು ತೆಗೆದ. ಎಲ್ಲದರಲ್ಲೂ ಅದೇ ತಕರಾರು. ತಂಬೂರಿ ಇಲ್ಲ, ಸ್ವರ ಸ್ವಚ್ಛ ಇಲ್ಲ, ಕಂಬಳಿ ಹೊದ್ದು ಹಾಡಿದಂಗ ಐತಿ. ಕಡೆಗೆ ಅಂಗಡಿಯವನು ಪೆಟ್ಟಿಗೆಗಳನ್ನು ಮೂಲೆಗೆ ಸರಿಸುತ್ತ, "ಕಾಕಾರ, ಇದಕ್ಕಿಂತ ಸ್ವಚ್ಛ ಬೇಕಂದ್ರ ಹಾಡಾವ್ರನ್ನ ಮನಿಗೇ ಕರಸ್ರಿ," ಎಂದ. ನನಗೆ ಸಿಟ್ಟು ನೆತ್ತಿಗೇರಿತು. "ತಮ್ಮಾ, ನಿನ್ನ ಡಬ್ಬಿ ಸರಿಯಿಲ್ಲಂದ್ರ ಸರಿಯಿಲ್ಲನ್ನು, ಹಾಡಾವ್ರ ಸುದ್ದಿ ನಿನಗ್ಯಾಕ? ನಮ್ಮವರ ಕಿವಿ ಅಂದ್ರ ಏನಂತ ಊರಾಗ ಕೇಳು," ಎಂದು ಬೈದು ಗಂಡನ ಕೈ ಹಿಡಿದು ಹೊರಗೆ ಬಂದೆ. ಇಂದಿಗೂ ಆ ಅಂಗಡಿಯ ಮುಂದೆ ನನಗೆ ಹಾದುಹೋಗಲು ಆಗುವುದಿಲ್ಲ.

ಅಂಗಡಿಯ ತಪ್ಪಲ್ಲದಿದ್ದರೆ ಪಡಸಾಲೆಯ ತಪ್ಪು ಎಂದು ಇವರಿಗೆ ಹೊಳೆಯಿತು. ಬರೀ ಕಲ್ಲುಗೋಡೆ, ಫರಸಿ ಕಲ್ಲಿನ ನೆಲ, ದನಿ ಬಡಿದು ವಾಪಸು ಬರುತ್ತದೆ, ಅದಕ್ಕೇ ಟಿವಿಯ ದನಿ ಕಲಸಿಹೋಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾನು ಚಾಷ್ಟಿ ಮಾಡಿದೆ. ಆದರೂ ನೆಲಕ್ಕೆ ಜಮಖಾನೆ ಹಾಸಿದೆವು. ಮಾರಾಟವಾಗದೆ ಉಳಿದ ಸೀರೆಗಳನ್ನು ಗೋಡೆಯುದ್ದಕ್ಕೂ ಇಳಿಬಿಟ್ಟೆವು. ಮನೆ ಮದುವೆ ಮನೆಯಂತಾಯಿತು. ಓಣಿಯ ಹೆಂಗಸರು ಬಂದು, ಮತ್ತೆ ವ್ಯಾಪಾರ ಶುರು ಮಾಡಿದಿರೇನು ಎಂದು ಸೀರೆ ಮುಟ್ಟಿ ಮುಟ್ಟಿ ನೋಡಿ ಹೋದರು. ನಮ್ಮವರು ಹಾಡು ಹಚ್ಚಿ ನಡುವೆ ಕುಳಿತು, ಕುರ್ಚಿಯನ್ನು ಅಷ್ಟು ಹಿಂದೆ ಇಷ್ಟು ಮುಂದೆ ಮಾಡಿ, ಕೊನೆಗೆ ಹಾಡು ಬಂದ್ ಮಾಡಿ ಎದ್ದು ಹೋದರು.

ನೀವು ಕೇಳಬಹುದು, ಕಟ್ಟಿಕೊಂಡ ಹೆಂಡತಿಗೆ ತಿಳಿಯಲಿಲ್ಲವೇ ಎಂದು. ತಿಳಿಯುವುದು ಹೇಗೆ? ನಮ್ಮ ಓಣಿಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಮನೆ ಮನೆಯಲ್ಲೂ ಮಗ್ಗ ಖಟಾಖಟ್ ಎನ್ನುವಾಗ ಮೆಲ್ಲಗೆ ಮಾತಾಡಿದರೆ ಕೇಳುವವರಾರು? ಕೂಸಿಗೆ ಜೋಗುಳ ಹಾಡಿದರೂ ಜಗಳ ಆಡಿದಂತೆ ಇರುತ್ತದೆ. ಮೇಲಾಗಿ ಮಗ್ಗದವರಿಗೆಲ್ಲ ತುಟಿ ನೋಡಿ ಮಾತು ತಿಳಿಯುವ ರೂಢಿ. ಮಗ್ಗ ನಿಲ್ಲಿಸದೆ, ಬಾಗಿಲಲ್ಲಿ ನಿಂತು ಬರೀ ತುಟಿ ಆಡಿಸಿ, ಊಟಕ್ಕೆ ಬರ್ರಿ, ಸಾವಕಾರ ಬಂದಾನ, ಉಪ್ಪು ತೀರೇತಿ ಎಂದು ಎಲ್ಲವನ್ನೂ ನಾವು ಹೇಳಿಕೊಂಡವರು. ಎದುರಿಗೆ ನಿಂತು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ಅಡುಗೆಮನೆಯಿಂದ ಕೂಗಿದ್ದು ಮಾತ್ರ ತಿಳಿಯುತ್ತಿರಲಿಲ್ಲ. ಹೆಂಡತಿ ಅಡುಗೆಮನೆಯಿಂದ ಕೂಗಿದ್ದು ಯಾವ ಗಂಡನಿಗೆ ತಿಳಿಯುತ್ತದೆ?

ಲಕ್ಷ್ಮೇಶ್ವರದಲ್ಲಿ ನನ್ನ ತಮ್ಮ ಇದ್ದಾನೆ. ಕಟ್ಟಿಗೆಯ ಎರಡು ಸಣ್ಣ ಸ್ಪೀಕರ್, ನಡುವೆ ಅಂಗೈ ಅಗಲದ ಆಂಪ್ಲಿಫೈಯರ್ ತರಿಸಿಕೊಂಡಿದ್ದ. ಟಿವಿಗೂ ಅದೇ, ಹಾಡಿಗೂ ಅದೇ. "ಮಾವಾರ, ಒಮ್ಮೆ ಬಂದು ಕೇಳ್ರಿ, ಇದರಾಗ ತಂಬೂರಿ ತಂತಿ ತಂತಿ ಎಣಸಬಹುದು," ಎಂದು ಫೋನು ಮಾಡಿದ. ನಮ್ಮವರು ಬಸ್ಸು ಹತ್ತುವ ಮೊದಲು ಕ್ಷೌರ ಮಾಡಿಸಿಕೊಂಡು ಬಂದರು. ಹಾಡುಗಾರಿಕೆಗೆ ಹೋಗುವಾಗ ಅವರು ಯಾವಾಗಲೂ ಹಾಗೆಯೇ.

ನನ್ನ ತಮ್ಮ ಅವರನ್ನು ಸ್ಪೀಕರುಗಳ ನಡುವೆ ಕೂರಿಸಿ ಅದೇ ಹಾಡು ಹಚ್ಚಿದ. ನಾನು ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ಚಹದ ಕಪ್ಪು ಹಿಡಿದು ನಿಂತಿದ್ದೆ. ಹಾಡು ಇನ್ನೂ ಶುರುವಾಗಿರಲಿಲ್ಲ. ಬರೀ ತಂಬೂರಿ ನುಡಿಯುತ್ತಿತ್ತು. ಸಂಗೀತದ ಗಂಧಗಾಳಿ ಇಲ್ಲದ ನನಗೇ ಅದು ಕೇಳಿತು. ಮನೆಯೆಲ್ಲ ಝುಂಯ್ ಎಂದು ತುಂಬಿಕೊಂಡಿತ್ತು, ಎಷ್ಟು ಚಂದ ಇತ್ತೆಂದರೆ ಇವರು ಇಷ್ಟು ವರ್ಷ ಯಾಕೆ ಹುಚ್ಚರಂತೆ ಸೈಕಲ್ ತುಳಿದರು ಎಂದು ಮೊದಲ ಸಲ ನನಗೆ ತಿಳಿಯಿತು. ನಮ್ಮವರು ತಮ್ಮನ ಕಡೆ ತಿರುಗಿ, "ಹಚ್ಚೋ," ಎಂದರು.

"ಹಚ್ಚೇನಲ್ರಿ ಮಾವಾರ."

"ಹಚ್ಚೀಯಾ?"

ಅವರ ಬೆನ್ನ ಹಿಂದೆ ನಿಂತೇ, "ರೀ, ಚಾ ತಗೋರಿ," ಎಂದೆ. ಅವರು ತಿರುಗಲಿಲ್ಲ. ಇನ್ನೊಮ್ಮೆ ಅಂದೆ. ತಮ್ಮ ನನ್ನ ಮುಖ ನೋಡಿದ. ನಾನು ಅವನಿಗೆ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದೆ. ಆಮೇಲೆ ಹಾಡು ಶುರುವಾಯಿತು. ಅವರು ಕೊನೆಯವರೆಗೂ ಬೆನ್ನು ಬಾಗಿಸಿ, ಹುಬ್ಬು ಗಂಟು ಹಾಕಿಕೊಂಡು, ಬಾವಿಗೆ ಬಿದ್ದ ಕೊಡವನ್ನು ಹುಡುಕುವವರ ಹಾಗೆ ಕುಳಿತಿದ್ದರು. ಮುಗಿದಾಗ, "ಛಲೋ ಐತಿ. ಆದ್ರ ತಂಬೂರಿ ಇದರಾಗೂ ಇಲ್ಲ," ಎಂದರು. ನನ್ನ ತಮ್ಮ ತಲೆ ತಗ್ಗಿಸಿ, "ಹೌದ್ರಿ ಮಾವಾರ, ಇಲ್ಲ," ಎಂದ.

ತಿರುಗಿ ಬರುವಾಗ ಬಸ್ಸು ಹಳೆಯದು, ಅದರ ಮೈಯೆಲ್ಲ ಗಡಗಡ ಎನ್ನುತ್ತಿತ್ತು. ಯಳವತ್ತಿ ದಾಟಿದ ಮೇಲೆ ನಾನು ಅವರ ಮೊಣಕೈ ತಟ್ಟಿ ನನ್ನ ಕಡೆ ತಿರುಗಿಸಿಕೊಂಡೆ. ದನಿ ತೆಗೆದು ಹೇಳಲು ನನಗೆ ಧೈರ್ಯ ಬರಲಿಲ್ಲ. ಬರೀ ತುಟಿ ಆಡಿಸಿ ಹೇಳಿದೆ: "ತಂಬೂರಿ ಇತ್ರೀ. ನನಗ ಕೇಳಸ್ತು."

ಅವರು ನನ್ನನ್ನು ನೋಡಿದರು. ನಾನು ಸುಳ್ಳು ಹೇಳುತ್ತಿದ್ದೇನೆಯೇ ಎಂದು ನೋಡಿದಂತಿತ್ತು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿದರು. ಮತ್ತೆ ನನ್ನ ಕಡೆ ತಿರುಗಿ, "ಛಂದ ಇತ್ತೇನ?" ಎಂದು ಕೇಳಿದರು.

"ಹೂಂ."

"ಅಂಗಡಿಯಾಗ? ಅಲ್ಲೂ ಇತ್ತ?"

"ಅಲ್ಲೂ ಇತ್ತು."

ಗದಗ ಬಂದಾಗ ಅವರೇ ಮೊದಲು ಎದ್ದು ಇಳಿದರು.

ಕಿವಿಯ ಡಾಕ್ಟರರು ಪರೀಕ್ಷೆ ಮಾಡಿ, ಮಗ್ಗದ ಸಪ್ಪಳಕ್ಕೆ ಒಳಗಿನ ನರ ಸತ್ತಿದೆ, ತೆಳ್ಳಗಿನ ದನಿಯೆಲ್ಲ ಮೊದಲು ಹೋಗುತ್ತದೆ, ದಪ್ಪನೆಯ ದನಿ ಉಳಿಯುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದರು. ಕಿವಿಗೆ ಮಿಷನ್ ಹಾಕಿಕೊಳ್ಳಬಹುದು, ಮಾತಿಗೆ ಅನುಕೂಲ ಆಗುತ್ತದೆ ಎಂದರು. ಹಾಕಿಸಿದೆವು. ಮಾತಿಗೆ ಅನುಕೂಲವಾಯಿತು, ಖರೆ. ಈಗ ಅಡುಗೆಮನೆಯಿಂದ ಬೈದರೂ ಕೇಳುತ್ತದೆ. ಆದರೆ ಅದನ್ನು ಹಾಕಿಕೊಂಡು ಹಾಡು ಕೇಳಿದವರೇ ಕಿತ್ತು ಟೇಬಲ್ ಮೇಲೆ ಇಟ್ಟರು. "ತಗಡಿನ ಮ್ಯಾಲ ಆಣಿಕಲ್ಲು ಬಿದ್ದಂಗ ಆಗ್ತೈತಿ," ಎಂದರು. ಮಗ್ಗ ನಿಂತ ಮೇಲೆ ಕೇಳುತ್ತೇನೆಂದು ಇಟ್ಟುಕೊಂಡದ್ದನ್ನೆಲ್ಲ ಮಗ್ಗವೇ ತಿಂದುಬಿಟ್ಟಿತ್ತು. ಕಿವಿಯಲ್ಲಿ ಅರಳೆ ಇಟ್ಟುಕೊಳ್ಳಿ ಎಂದು ಒಬ್ಬರೂ ಹೇಳಲಿಲ್ಲ, ಇಡೀ ಓಣಿಯಲ್ಲಿ ಒಬ್ಬರೂ. ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ? ಮಾರಿದ ಮಗ್ಗಗಳು ಈಗ ಯಾರ ಮನೆಯಲ್ಲಿವೆಯೋ, ಯಾರ ಕಿವಿ ತಿನ್ನುತ್ತಿವೆಯೋ. ನಾನು ಹಿತ್ತಲಲ್ಲಿ ಕುಳಿತು ಅತ್ತೆ. ಮಿಷನ್ ತೆಗೆದಿಟ್ಟಿದ್ದಾರೆ, ಕೇಳಿಸುವುದಿಲ್ಲ ಎಂಬ ಧೈರ್ಯದಿಂದ ಗಟ್ಟಿಯಾಗಿಯೇ ಅತ್ತೆ.

ಇನ್ನು ಪೆಟ್ಟಿಗೆಯ ಮಾತು ಮುಗಿಯಿತು ಎಂದುಕೊಂಡಿದ್ದೆ. ಒಂದು ದಿನ ಅವರೇ, "ನಡಿ, ಅದನ್ನ ತರೋಣು," ಎಂದರು. ನನಗೆ ತಿಳಿಯಲಿಲ್ಲ. "ಲಕ್ಷ್ಮೇಶ್ವರದಾಗಿದ್ವಲ್ಲ, ಅಂಥಾವು. ಈ ಸಲ ನೀ ಆರಸು."

"ನನಗೇನ್ ತಿಳಿತೈತ್ರೀ ಅದರಾಗ?"

"ಕೇಳಸ್ತೈತಲ್ಲ. ಅಷ್ಟು ಸಾಕು."

ಮುಳಗುಂದ ನಾಕಾದ ಹತ್ತಿರ ಬೇರೆ ಅಂಗಡಿಗೆ ಹೋದೆವು. ನಾನು ನಡುವೆ ಕುಳಿತೆ, ಅವರು ಪಕ್ಕದಲ್ಲಿ ನಿಂತರು. ಒಂದೊಂದೇ ಹಚ್ಚಿದರು. ಯಾವುದರಲ್ಲಿ ತಂಬೂರಿ ಚಂದ, ಯಾವುದರಲ್ಲಿ ಹಾಡುವವರ ಉಸಿರು ಕೇಳುತ್ತದೆ ಎಂದು ಅವರು ಕೇಳುತ್ತಾರೆ, ನಾನು ತೋಚಿದ್ದು ಹೇಳುತ್ತೇನೆ. ಪರೀಕ್ಷೆಗೆ ಓದದೆ ಕುಳಿತವಳ ಗತಿ ನನ್ನದಾಗಿತ್ತು. ಕಡೆಗೆ ಒಂದು ಜೋಡಿಯನ್ನು ಇದೇ ಎಂದು ತೋರಿಸಿದೆ. ಅದು ಖರೆಯೇ ಛಲೋದೋ ಅಲ್ಲವೋ ನನಗೆ ಗೊತ್ತಿಲ್ಲ.

ಮನೆಗೆ ತಂದು ಟಿವಿಗೆ ಜೋಡಿಸಿದೆವು. ಸಂಜೆ ಅವರು ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು ಬಂದು, ಕುರ್ಚಿಯನ್ನು ಸ್ಪೀಕರಿಗೆ ಬೆನ್ನು ಮಾಡಿ ನನ್ನ ಎದುರಿಗೆ ಹಾಕಿಕೊಂಡು ಕುಳಿತರು. ಅದೇ ಹಾಡು ಹಚ್ಚಿದರು.

"ಶುರುವಾತೇನ?"

"ಆತ್ರೀ."

"ಈಗ ಎಲ್ಲಿಗೆ ಬಂದಾನ? ಏರಾಕತ್ತಾನೋ, ಕೆಳಗ ನಿಂತಾನೋ?"

ನಾನು ಕೇಳಿದೆ. ಜೀವ ಎಲ್ಲ ಕಿವಿ ಮಾಡಿಕೊಂಡು ಕೇಳಿದೆ. ಒಳಗೆ ಏನೋ ಆಗುತ್ತಿತ್ತು. ಹಾಡುವವರು ಒಂದು ಕಡೆ ನಿಂತು, ಮುಂದೆ ಹೋಗಿ, ಹೋಗದೆ, ಏನನ್ನೋ ಮುಟ್ಟಿ ಬಿಟ್ಟು ಮತ್ತೆ ಬರುತ್ತಿದ್ದರು. ಅದಕ್ಕೆ ಏನನ್ನುತ್ತಾರೆ ಎಂದು ಇವರು ನನಗೆ ಎಷ್ಟೋ ಸಲ ಹೇಳಿದ್ದರು, ನಾನು ಹೂಂ ಎಂದಿದ್ದೆ.

"ಹಾಡಾಕತ್ತಾರ್ರೀ," ಎಂದೆ.

ಅವರು ತಲೆಯಾಡಿಸಿದರು. ನಾನು ಮುಂದೆ ಏನು ಹೇಳುತ್ತೇನೆ ಎಂದು ನನ್ನ ತುಟಿಯನ್ನೇ ನೋಡುತ್ತ ಕುಳಿತರು.