ಹೆಲ್ಮೆಟ್ ತೆಗೆಯದ ಗಿರಾಕಿಗಳು

ಅಂಕೋಲೆ ಬಿಟ್ಟು ಕಾರವಾರದ ಕಡೆ ಹೈವೇಯಲ್ಲಿ ಸ್ವಲ್ಪ ದೂರ ಹೋದರೆ ಎಡಕ್ಕೆ ಒಂದು ಕೆಂಪು ಡಬ್ಬಿಯಂಥ ಅಂಗಡಿ ಕಾಣುತ್ತದೆ. ಕಾಫಿ ಅಂಗಡಿ. ಅದರ ಕೌಂಟರ್ ಗಾಜಿನದು. ಕಾಫಿ ಮಾರುವವರಿಗೆ ಗಾಜಿನ ಕೌಂಟರ್ ಎಂತಕ್ಕೆ ಎಂದು ಕೇಳುವಷ್ಟು ಭೋಳೆ ಜನ ಯಾರಾದರೂ ಉಳಿದಿದ್ದರೆ ಹೇಳುತ್ತೇನೆ, ಒಳಗೆ ನಿಂತ ಹುಡುಗಿಯರ ಕಾಲು ಕಾಣಲಿ ಎಂದು. ಆ ಹುಡುಗಿಯರ ಗಿಡ್ಡ ಸ್ಕರ್ಟು ಹೊಲಿದವಳು ನಾನೇ. ಅಂಕೋಲೆ ಪೇಟೆಯಲ್ಲಿ ಇಪ್ಪತ್ತು ವರ್ಷದಿಂದ ಬ್ಲೌಸು ಹೊಲಿಯುತ್ತಿದ್ದೇನೆ, ಆ ಸ್ಕರ್ಟಿನಷ್ಟು ಸಲ ಬಿಚ್ಚಿ ಹೊಲಿದ ಬಟ್ಟೆ ಇನ್ನೊಂದಿಲ್ಲ.

ಅಂಗಡಿಯ ಮಾಲಕ ಕಾರವಾರದವನು. ಗೋವೆಯಲ್ಲಿ ಕೆಲವು ವರ್ಷ ಇದ್ದು, ಅಲ್ಲಿ ಏನು ಕಲಿತನೋ ಬಿಟ್ಟನೋ, ಕಣ್ಣಿಗೆ ಕಪ್ಪು ಕನ್ನಡಕ ಹಾಕುವುದನ್ನಂತೂ ಕಲಿತು ಬಂದಿದ್ದ. ಕೆಂಪು ಬಟ್ಟೆ ತಂದು ನನ್ನ ಮೇಜಿನ ಮೇಲೆ ಹಾಕಿ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಯಾವುದೋ ದೇಶದಲ್ಲಿ ಹುಡುಗಿಯರು ಒಳಉಡುಪಿನಂಥದ್ದು ಹಾಕಿಕೊಂಡು ಕಾರಿನವರಿಗೆ ಕಾಫಿ ಕೊಡುತ್ತಿದ್ದರು. "ಅಷ್ಟೆಲ್ಲ ಬೇಡ ಅಕ್ಕಾ, ನಮ್ಮ ಊರಿಗೆ ಹೊಂದುವ ಹಾಗೆ ಮಾಡಿ," ಎಂದ. ಊರಿನ ಮೇಲೆ ಎಷ್ಟು ಅಭಿಮಾನ ನೋಡಿ. ಮೊದಲು ಮೊಣಕಾಲಿನವರೆಗೆ ಹೊಲಿದು ಕೊಟ್ಟೆ. ವಾರ ಬಿಟ್ಟು ವಾಪಸ್ ತಂದ. ಎರಡಿಂಚು ಮೇಲೆ. ಮತ್ತೆ ತಂದ. ಮತ್ತೆ ಎರಡಿಂಚು. ವ್ಯಾಪಾರ ಕುಂದಿದ ಹಾಗೆಲ್ಲ ಬಟ್ಟೆ ಕುಂದುತ್ತಿತ್ತು, ಕಾಫಿಯಲ್ಲಿ ಹಾಲು ಸರಿ ಇದೆಯೋ ಎಂದು ನೋಡುವ ಬುದ್ಧಿ ಮಾತ್ರ ಅವನಿಗೆ ಬರಲಿಲ್ಲ.

ಮೊದಲ ಸಲ ಅಳತೆ ಕೊಡಲು ಮೂರು ಹುಡುಗಿಯರು ಬಂದಿದ್ದರು. ಇಬ್ಬರ ಅಳತೆ ಬರೆದುಕೊಂಡು ತಲೆ ಎತ್ತಿದರೆ ಮೂರನೆಯವಳು ಶೆಟಗೇರಿಯ ನನ್ನ ಅಕ್ಕನ ಮಗಳು. ಟೇಪು ಹಿಡಿದ ಕೈ ಅಲ್ಲೇ ನಿಂತಿತು. ಉಳಿದಿಬ್ಬರು ಹೊರಗೆ ಹೋದ ಮೇಲೆ ಸಮಾ ಬೈದೆ. ಅವಳು ಬಾಗಿಲಿಗೆ ಒರಗಿ ಕೇಳಿಸಿಕೊಂಡಳು.

"ಬಟ್ಟೆ ಅಂಗಡೀಲಿ ಮೈತುಂಬ ಸೀರೆ ಉಟ್ಕಂಡೇ ಕೆಲಸ ಮಾಡ್ದೆ ಚಿಕ್ಕಿ," ಎಂದಳು. "ಬೆಳಿಗ್ಗೆಯಿಂದ ರಾತ್ರಿವರೆಗೆ ಕೂತ್ಕಳ್ಳೂಕೆ ಬಿಡೂದಿಲ್ಲ. ಇಲ್ಲಿ ಗಿರಾಕಿ ಇಲ್ದಾಗ ಕೂತ್ಕಳ್ಳಬಹುದು. ಸ್ಟೂಲ್ ಇದೆ."

ಸ್ಟೂಲಿಗಾಗಿ ಮರ್ಯಾದೆ ಬಿಟ್ಟೆಯಾ ಎಂದು ಕೇಳಿದೆ. ಕಾಲು ನೋಯುವವಳಿಗೆ ಸ್ಟೂಲೇ ಮರ್ಯಾದೆ ಎಂದಳು. ಮಾತಿಗೇನು ಕಡಿಮೆ ಇಲ್ಲ. ತಾಯಿಯ ಹತ್ತಿರ ಹೈವೇ ಬೇಕರಿಯಲ್ಲಿ ಕೆಲಸ ಎಂದು ಹೇಳಿದ್ದಳು. ನಾನೂ ಬಾಯಿ ಮುಚ್ಚಿಕೊಂಡೆ, ಅಳತೆಯನ್ನೂ ಬರೆದುಕೊಂಡೆ.

ಗೋವೆಗೆ ಹೋಗುವ ಕಾರುಗಳು ನಿಲ್ಲುತ್ತವೆ ಎಂದು ಮಾಲಕನ ಲೆಕ್ಕಾಚಾರ. ಒಂದೂ ನಿಲ್ಲಲಿಲ್ಲ. ಗೋವೆಗೇ ಹೊರಟವರು ನಮ್ಮಲ್ಲಿ ಕಾಲು ನೋಡಲು ಎಂತಕ್ಕೆ ನಿಲ್ಲುತ್ತಾರೆ. ನಿಂತವರು ನಮ್ಮವರೇ. ಮನೆಯಲ್ಲಿ ಹೆಂಡತಿ ಕೊಟ್ಟ ಕಾಫಿಗೆ ನೂರು ಹೆಸರಿಡುವವರು ಇಲ್ಲಿ ಪ್ಲಾಸ್ಟಿಕ್ ವಾಸನೆಯ ನೀರನ್ನು ಅರ್ಧ ಗಂಟೆ ಹೀರುತ್ತಿದ್ದರು. ಮೀನು ತರಲು ಹೋದವನ ಸ್ಕೂಟರಿನಲ್ಲಿ ಬಂಗಡೆ ಬಿಸಿಲಿಗೆ ನೇತಾಡುತ್ತಿತ್ತು. ಆ ಬಂಗಡೆಯನ್ನು ಹಳಸಲು ಎಂದು ಆಮೇಲೆ ಮೀನು ಮಾರುವವಳಿಗೇ ಬೈಗುಳ. ಪೊಲೀಸರು ತಡೆದರೂ ಹೆಲ್ಮೆಟ್ ಹಾಕದ ಜನ ಅಲ್ಲಿ ಮಾತ್ರ ಹೆಲ್ಮೆಟ್ ತೆಗೆಯುತ್ತಿರಲಿಲ್ಲ. ಮುಂದಿನ ಗಾಜು ಒಂದಿಷ್ಟು ಎತ್ತಿ, ಕಾಫಿ ಕಪ್ಪನ್ನು ಒಳಗೆ ತೂರಿಸಿ ಕುಡಿಯುವುದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಬೆಕ್ಕಿಗಾದರೂ ಹಸಿವು ಇರುತ್ತದೆ.

ಹೀಗಿರುವಾಗ ಹುಡುಗಿಗೆ ಒಂದು ಸಂಬಂಧ ಬಂತು. ಅಮದಳ್ಳಿಯ ಮನೆತನ, ಹುಡುಗ ಎಲೆಕ್ಟ್ರಿಷಿಯನ್. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಗದ್ದೆ ನೋಡಿಕೊಂಡು ಮಗಳನ್ನು ಬೆಳೆಸಿದ ನನ್ನ ಅಕ್ಕ, ಇದೊಂದು ಕೂಡಿ ಬರಲಿ ಎಂದು ಊರಿನ ದೇವರಿಗೆಲ್ಲ ಹರಕೆ ಹೊತ್ತಳು. ಹುಡುಗಿಗೂ ಒಪ್ಪಿಗೆ ಇತ್ತು. ಹುಡುಗ ಎರಡು ಸಲ ಫೋನು ಮಾಡಿದ್ದ, ಇವಳು ನನ್ನ ಅಂಗಡಿಯಲ್ಲೇ ಕೂತು ಮಾತಾಡುತ್ತ ನಕ್ಕಿದ್ದಳು. ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡೇ ಇರಲಿಲ್ಲ. "ಮಾತು ಪಕ್ಕಾ ಆಗೂವರೆಗೆ ಕಾಫಿ ಅಂಗಡಿ ಸುದ್ದಿ ಎತ್ತಬೇಡ, ಬೇಕರಿ ಅಂತಲೇ ಹೇಳು," ಎಂದು ನಾನೇ ಕಲಿಸಿದೆ. ಅವನಿಗೆ ಹೇಳಿಬಿಡುತ್ತೇನೆ ಎಂದಳು. ಹೇಳಿದರೆ ಕಾಲು ಮುರಿಯುತ್ತೇನೆ ಎಂದೆ.

ಭಾನುವಾರ ಶೆಟಗೇರಿಗೆ ಹೆಣ್ಣು ನೋಡಲು ಬಂದರು. ಹುಡುಗ, ಅವನ ತಾಯಿ, ತಂದೆ, ಮಧ್ಯಸ್ಥಿಕೆಯ ಒಬ್ಬ ಮನುಷ್ಯ. ತಂದೆಯಾದವರು ನಿವೃತ್ತ ನೌಕರ, ಬಿಳಿ ಅಂಗಿ, ಹಣೆಗೆ ಗಂಧ. ಕೂತವರೇ ಉಪದೇಶ ಶುರು ಮಾಡಿದರು. ಕಾಲ ಕೆಟ್ಟಿದೆಯಂತೆ, ಹೆಣ್ಣುಮಕ್ಕಳ ಉಡುಪು ನೋಡಿದರೆ ತಲೆ ತಗ್ಗಿಸಬೇಕಂತೆ, ತಮ್ಮ ಮನೆಯ ಹೆಣ್ಣುಮಕ್ಕಳು ವೇಲ್ ಇಲ್ಲದೆ ಅಂಗಳಕ್ಕೆ ಇಳಿಯುವುದಿಲ್ಲವಂತೆ. ಅಕ್ಕ ಹೌದು ಹೌದು ಎಂದು ತಲೆಯಾಡಿಸಿದಳು. ನಾನೂ ಆಡಿಸಿದೆ. ಒಳ್ಳೆ ಮನೆ ಸಿಕ್ಕಿತು ಎಂದು ಒಳಗೊಳಗೇ ಹಿಗ್ಗಿದೆ, ಸುಳ್ಳೆಂತಕ್ಕೆ.

ಕಾಫಿಗೆ ಎಂದು ಅಡುಗೆಮನೆಗೆ ಹೋದರೆ ಹುಡುಗಿ ಹೊರಗಿನ ಮಾತಿಗೆ ಕಿವಿಗೊಟ್ಟು ನಿಂತಿದ್ದಳು. ಬರೇ ಸ್ವರ ಕೇಳುತ್ತಿದ್ದಳು. ಸಕ್ಕರೆ ಹಾಕುವ ಮೊದಲು ಒಂದು ಲೋಟ ತೆಗೆದು ಬದಿಗಿಟ್ಟಳು. ಯಾರಿಗೆ ಎಂದು ಕೇಳಿದ್ದಕ್ಕೆ ಉಳಿದ ಲೋಟಗಳಿಗೆ ಸಕ್ಕರೆ ಹಾಕಿ ಕದಡಿದಳು.

ತಟ್ಟೆ ಹಿಡಿದು ಹೊರಗೆ ಬಂದವಳು ಹುಡುಗನ ತಂದೆಯ ಎದುರಿಗೆ ಬಗ್ಗಿ, ಆ ಲೋಟವನ್ನು ಅವರ ಕಡೆ ತಿರುಗಿಸಿದಳು. "ಇದು ನಿಮ್ದು. ಸಕ್ಕರೆ ಹಾಕ್ಲಿಲ್ಲ."

ಅವರ ಹೆಂಡತಿಗೆ ಖುಷಿಯೋ ಖುಷಿ. "ಇವರಿಗೆ ಶುಗರ್ ಅಂತ ನಿಂಗೆ ಹ್ಯಾಂಗೆ ಗೊತ್ತಾಯ್ತು ತಂಗಿ?"

"ದಿನಾ ನಮ್ಮಲ್ಲೇ ಕುಡೀತ್ರಲ್ಲ," ಎಂದಳು. "ಹೈವೇ ಕಾಫಿ ಅಂಗಡೀಲಿ. ಹೆಲ್ಮೆಟ್ ತೆಗೀಯೂದಿಲ್ಲ, ಆದ್ರೆ ಸ್ವರ ಗೊತ್ತಾಗ್ತದೆ."

ನನ್ನ ಅಕ್ಕ ನನ್ನ ಮುಖ ನೋಡಿದಳು. ಹುಡುಗ ಅವನ ತಂದೆಯ ಮುಖ ನೋಡಿದ. ತಂದೆ ಒಂದು ಗುಟುಕು ಕುಡಿದು ಲೋಟ ಕೈಯಲ್ಲಿ ಹಿಡಿದುಕೊಂಡೇ, "ನಾನು ಕಾಫಿ ಕುಡಿಯೂದೇ ಇಲ್ಲ," ಎಂದರು.

ಹೆಣ್ಣಿನ ಫೋಟೋ ಅವರ ಮನೆಗೆ ಹೋಗಿ ಹದಿನೈದು ದಿನವಾಗಿತ್ತು. ತಂದೆಯಾದವರಿಗೆ ಗುರುತು ಸಿಕ್ಕಿರಲಿಲ್ಲ. ಎಲ್ಲಿಂದ ಸಿಗಬೇಕು, ಅಮದಳ್ಳಿಯಿಂದ ಅಷ್ಟು ದೂರ ಸ್ಕೂಟರ್ ಹೊಡೆದುಕೊಂಡು ಬಂದದ್ದು ಮುಖ ನೋಡಲು ಅಲ್ಲವಲ್ಲ. ಆದರೂ ಮೀಸೆ ಮಣ್ಣಾಗಲಿಲ್ಲ. ಅವಲಕ್ಕಿ ತಿಂದರು, ಅಕ್ಕನಿಗೆ ಕೈಮುಗಿದರು, ಹೊರಟರು. ಹೆಂಡತಿ ಮಾತ್ರ ಗಂಡನಿಗೆ ಕಾಯದೆ ಮೊದಲೇ ಅಂಗಳ ದಾಟಿದರು.

ಎರಡು ದಿನ ಬಿಟ್ಟು ಮಧ್ಯಸ್ಥಿಕೆಯವನ ಫೋನು ನನ್ನ ಅಂಗಡಿಗೇ ಬಂತು. ಹುಡುಗಿ ಎತ್ತರ ಸ್ವಲ್ಪ ಕಡಿಮೆಯಾಯಿತಂತೆ. ಐದಡಿ ನಾಲ್ಕಿಂಚು, ನಾನೇ ಅಳೆದವಳು. ಹುಡುಗನೇ ಅವಳ ಕಿವಿಯಷ್ಟಕ್ಕೆ ಬರುತ್ತಾನೆ. ಅದನ್ನು ಹೇಳಿದರೆ ಮಧ್ಯಸ್ಥಿಕೆಯವನು, "ಏನೋ ಅಕ್ಕಾ, ಅವರು ಹೇಳಿದ್ದು ನಾನು ಹೇಳ್ದೆ," ಎಂದು ಫೋನಿಟ್ಟ. ಥೂ ಇವರ ಜನ್ಮಕ್ಕೆ. ಸುಳ್ಳು ಹೇಳುವುದಕ್ಕಾದರೂ ಸ್ವಲ್ಪ ಬುದ್ಧಿ ಖರ್ಚು ಮಾಡಬಾರದೇ.

ಹುಡುಗಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ಮಧ್ಯಾಹ್ನ ಒಳಗೆ ಬಂದಳು. ಹೇಳಿದೆ. ಹುಡುಗನೂ ಎರಡು ದಿನದಿಂದ ಫೋನು ಎತ್ತುತ್ತಿಲ್ಲ ಎಂದಳು. ಅಳುತ್ತಾಳೇನೋ ಎಂದು ನೋಡಿದೆ, ಅಳಲಿಲ್ಲ. ಆ ಒಣಕಣ್ಣು ಕಂಡು ನನಗೆ ಪಿತ್ತ ನೆತ್ತಿಗೇರಿತು. ಅಕ್ಕ ಎರಡು ದಿನದಿಂದ ಅನ್ನ ಮುಟ್ಟಿರಲಿಲ್ಲ. "ಒಂದು ಗಳಿಗೆ ಬಾಯಿ ಮುಚ್ಕಂಡು ಇರೂಕೆ ಆಗ್ಲಿಲ್ವಾ ನಿಂಗೆ," ಎಂದು ಕೆನ್ನೆಗೆ ಒಂದು ಬಿಟ್ಟೆ. ಬೆರಳು ಮೂಡುವ ಹಾಗೆ.

ಅವಳು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡಳು.

"ಆ ಅಂಗಡೀಲಿ ನಿಂತು ವರ್ಷ ಆಗ್ತಾ ಬಂತು ಚಿಕ್ಕಿ," ಎಂದಳು. "ನೋಡೂದು ಎಲ್ಲರೂ ನೋಡ್ತ್ರು. ಮೈ ಮುಟ್ಟಿದವರು ಈವರೆಗೆ ಯಾರೂ ಇರ್ಲಿಲ್ಲ. ನೀನೇ ಮೊದಲು."

ಬಸ್ಸಿಗೆ ಹೊತ್ತಾಯಿತೆಂದು ಹೋದಳು.