ನಾಲ್ಕು ಅಂಕದ ಸೋದರಮಾವ

ಹೋದ ವಾರ ಮಿಕ್ಸಿಯ ಜಾರಿಗೊಂದು ಮುಚ್ಚಳ ತರಿಸಿದೆ. ಮುಚ್ಚಳ ಬಂತು, ಜಾರಿನ ಮೇಲೆ ಸರಿಯಾಗಿ ಕೂತಿತು, ಚಟ್ನಿ ಗೋಡೆಗೆ ಹಾರಲಿಲ್ಲ. ಅಲ್ಲಿಗೆ ನನಗೂ ಮುಚ್ಚಳಕ್ಕೂ ಇದ್ದ ಸಂಬಂಧ ಮುಗಿಯಬೇಕಿತ್ತು. ಆದರೆ ಫೋನು ಬಿಡಬೇಕಲ್ಲ! ‘ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?’ ಎಂದು ಬೆಳಿಗ್ಗೆ ಕೇಳಿತು, ಮಧ್ಯಾಹ್ನ ಕೇಳಿತು, ಸಂಜೆ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂದು ಗೋಗರೆಯಿತು. ನನ್ನ ಅಭಿಪ್ರಾಯ ಅಮೂಲ್ಯ ಎಂದು ಇಷ್ಟು ವರ್ಷದ ಸಂಸಾರದಲ್ಲಿ ಮನೆಯವರು ಯಾರೂ ಹೇಳಿದ್ದಿಲ್ಲ. ಆದರೂ ಬೆರಳು ಮುಂದೆ ಹೋಗಲಿಲ್ಲ. ಅಂಕ ಕೊಡು ಎಂದರೆ ನನಗೆ ಈಗ ಒಂಥರಾ ಅಳುಕು. ಹುಟ್ಟಿನಿಂದ ಬಂದ ಅಳುಕಲ್ಲ ಇದು, ಕೇಳಿ. ಒಂದು ಕಾಲದಲ್ಲಿ ಇಡೀ ಮಂಡ್ಯದಲ್ಲಿ ನನ್ನಷ್ಟು ಧಾರಾಳವಾಗಿ ಕಡಿಮೆ ಅಂಕ ಕೊಡುತ್ತಿದ್ದವರು ಇನ್ನೊಬ್ಬರಿರಲಿಲ್ಲ.

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವುದು ನನ್ನ ಹೊಟ್ಟೆಪಾಡು. ಬೇಸಿಗೆಯಲ್ಲಿ ಉತ್ತರಪತ್ರಿಕೆ ತಿದ್ದುವುದು ನನ್ನ ಸಂಭ್ರಮ. ಕೆಂಪು ಪೆನ್ನು ಕೈಗೆ ಬಂದರೆ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಹತ್ತು ಅಂಕದ ಪ್ರಶ್ನೆಗೆ ಐದಕ್ಕಿಂತ ಹೆಚ್ಚು ಕೊಟ್ಟರೆ ಕನ್ನಡ ಭಾಷೆಗೆ ಏನೋ ಅನಾಹುತವಾಗುತ್ತದೆ ಎಂದು ನಂಬಿದ್ದವನು ನಾನು. ಬೇಸಿಗೆ ಮುಗಿದರೆ ತಿದ್ದಲು ಪತ್ರಿಕೆಗಳಿಲ್ಲ. ಕೈ ತುರಿಸುತ್ತಿತ್ತು. ಆ ತುರಿಕೆಗೆ ಮದ್ದು ಸಿಕ್ಕಿದ್ದು ನಮ್ಮೂರಿನ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ.

ಕಬ್ಬಿನ ಊರಿನಲ್ಲಿ ಬ್ಯಾಸ್ಕೆಟ್‌ಬಾಲಾ ಎಂದು ಹುಬ್ಬೇರಿಸಬೇಡಿ. ಈ ಆಟದ ಹುಚ್ಚು ನಮ್ಮಲ್ಲಿ ಹಳೆಯದು. ಸಂಜೆಯಾದರೆ ಅಂಕಣದ ಕಲ್ಲುಮೆಟ್ಟಿಲ ಮೇಲೆ ಜನ ಕೂರುತ್ತಾರೆ, ಕೂತವರೆಲ್ಲ ಕೋಚ್‌ಗಳೇ. ಅವರ ಪೈಕಿ ಮೂರನೆಯ ಮೆಟ್ಟಿಲಿನ ನಾವು ಮೂವರು ಹಿರಿಯ ಕೋಚ್‌ಗಳು: ಬೆಲ್ಲದ ಮಂಡಿಯ ಪುಟ್ಟಸ್ವಾಮಣ್ಣ, ಪಂಪ್‌ಸೆಟ್ ಮೋಟಾರು ರಿಪೇರಿಯ ಅಕ್ರಂ, ಮತ್ತು ನಾನು. ಮೂವರಲ್ಲಿ ಒಬ್ಬನೂ ಚೆಂಡು ಮುಟ್ಟಿದವನಲ್ಲ. ಸುಳ್ಳು ಹೇಳಬಾರದು, ನಾನು ಒಮ್ಮೆ ಮುಟ್ಟಿದ್ದೆ. ಕಾಲ ಬಳಿ ಉರುಳಿ ಬಂದದ್ದನ್ನು ಎತ್ತಿ ಅಂಕಣದ ಕಡೆ ಎಸೆದೆ, ಅದು ಚರಂಡಿಗೆ ಬಿತ್ತು.

ನಮ್ಮ ಕ್ಲಬ್ಬಿನ ಹೆಣ್ಣುಮಕ್ಕಳ ತಂಡ ಆಡಿದ ಪ್ರತಿ ಪಂದ್ಯವಾದ ಮೇಲೂ ಮೂವರೂ ಪ್ರತಿ ಆಟಗಾರ್ತಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದೆವು. ಪುಟ್ಟಸ್ವಾಮಣ್ಣ ಬೆಲ್ಲ ನೋಡುವ ಹಾಗೆಯೇ ಆಟ ನೋಡುತ್ತಿದ್ದರು. “ಈ ಮಗೀಗೆ ಇನ್ನೂ ಪಾಕ ಬಂದಿಲ್ಲ ಕಣ್ರೀ ಮೇಷ್ಟ್ರೇ, ಅದಕ್ಕೆ ಮುಂಚೇನೇ ಅಚ್ಚಿಗೆ ಉಯ್ದವ್ರೆ” ಎನ್ನುವರು. ಅಕ್ರಂ ಪಾಲಿಗೆ ಎಲ್ಲರೂ ಮೋಟಾರುಗಳೇ. “ಮೂರನೇ ಕ್ವಾರ್ಟರ್‌ನಲ್ಲೇ ಕಾಯಿಲ್ ಸುಟ್ಟೋಯ್ತು ಸಾರ್, ರೀವೈಂಡಿಂಗ್ ಮಾಡ್ಸಬೇಕು” ಎಂದು ಗಂಭೀರವಾಗಿ ತಲೆಯಾಡಿಸುವನು. ಇಬ್ಬರೂ ಬಾಯಿಗೆ ಬಂದದ್ದು ಹೇಳಿ ಕೊನೆಗೆ ಎಂಟೋ ಒಂಬತ್ತೋ ಕೊಟ್ಟುಬಿಡುವ ದುರ್ಬಲ ಮನಸ್ಸಿನವರು. ಪಟ್ಟಿ ಬರೆದು, ಷರಾ ಸೇರಿಸಿ, ‘ಬುಟ್ಟಿ ಬಳಗ’ ಎಂಬ ವಾಟ್ಸಾಪ್ ಗುಂಪಿಗೆ ಹಾಕುವುದು ನನ್ನ ಕೆಲಸ. ನನ್ನ ಷರಾಗಳಿಗಾಗಿ ಜನ ಕಾಯುತ್ತಿದ್ದರು ಎಂದರೆ ಜಂಬ ಎಂದುಕೊಳ್ಳಬೇಡಿ, ಅದು ಜಂಬವೇ.

ಒಬ್ಬಳಿಗೆ ಬರೆದಿದ್ದೆ: ‘ಚೆಂಡನ್ನು ಪಿತ್ರಾರ್ಜಿತ ಆಸ್ತಿಯೆಂದು ಭಾವಿಸಿದ್ದಾರೆ. ಪಾಲು ಕೇಳಿದವರು ಕೋರ್ಟಿಗೆ ಹೋಗತಕ್ಕದ್ದು.’ ಎತ್ತರದ ಹುಡುಗಿಯೊಬ್ಬಳಿಗೆ: ‘ಉತ್ತಮವಾಗಿ ನಿಂತಿದ್ದರು.’ ಆಕೆ ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಹಗಲೆಲ್ಲಾ ನಿಂತು ದುಡಿದು, ಬಸ್ಸಿನಲ್ಲಿ ನಿಂತು ಬಂದು, ಆಮೇಲೆ ಆಡುತ್ತಿದ್ದಳು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಷರಾ ಚೆನ್ನಾಗಿ ಬಂದಿತ್ತಲ್ಲ, ಬಿಡಲು ಮನಸ್ಸಾಗಲಿಲ್ಲ. ಇನ್ನೊಬ್ಬಳು ನೇರವಾಗಿ ಮೆಟ್ಟಿಲಿಗೇ ಬಂದು, “ಸಾರ್, ನಂದು ರೀವ್ಯಾಲ್ಯುಯೇಷನ್‌ಗೆ ಹಾಕ್ಬೇಕು, ಅರ್ಜಿ ಎಲ್ ಸಿಗುತ್ತೆ?” ಎಂದು ಕೇಳಿದಳು. ಮೆಟ್ಟಿಲೆಲ್ಲಾ ನಕ್ಕಿತು. ನಾನು ಮಾತ್ರ ಮುಖ ಗಂಟಿಕ್ಕಿ, ಒಮ್ಮೆ ಕೊಟ್ಟ ಅಂಕವನ್ನು ತಿದ್ದುವ ಪದ್ಧತಿ ನನ್ನಲ್ಲಿಲ್ಲ ಎಂದೆ.

ಈಗ ಪವಿತ್ರಳ ವಿಷಯಕ್ಕೆ ಬರುತ್ತೇನೆ. ಪವಿತ್ರ ನನ್ನ ಅಕ್ಕನ ಮಗಳು. ಊರು ಕೊತ್ತತ್ತಿ. ಕಾಲೇಜಿಗೆಂದು ನಮ್ಮ ಮನೆಯಲ್ಲೇ ಇದ್ದಳು, ಆ ತಂಡದಲ್ಲೇ ಆಡುತ್ತಿದ್ದಳು. ಆ ವರ್ಷ ರಾಜ್ಯ ತಂಡದ ಆಯ್ಕೆಗೆ ಮುಂಚಿನ ತರಬೇತಿ ಶಿಬಿರಕ್ಕೆ ಅವಳ ಹೆಸರು ಬಂತು. ಬೆಂಗಳೂರಿನಲ್ಲಿ ಒಂದು ತಿಂಗಳು. ಒಪ್ಪಿಗೆ ಪತ್ರಕ್ಕೆ ತಂದೆಯ ಸಹಿ ಬೇಕು, ಶುಕ್ರವಾರದೊಳಗೆ ಕೊಡಬೇಕು. ಭಾವ ಗದ್ದೆ ಬಿಟ್ಟರೆ ಹಸು, ಹಸು ಬಿಟ್ಟರೆ ಗದ್ದೆ ಎನ್ನುವ ಮನುಷ್ಯ. “ಆಡೋಳು ಚೆಂದಾಗ್ ಆಡುದ್ರೆ ಓಗ್ಲಿ, ನಂದೇನ್ ಅಡ್ಡಿ ಇಲ್ಲ” ಎಂದಿದ್ದರು. ಭಾನುವಾರ ಬಂದು ಸಹಿ ಹಾಕುವುದೆಂದು ಮಾತಾಯಿತು.

ಅದಕ್ಕೆ ಮುಂಚೆ ಶನಿವಾರ ಮದ್ದೂರಿನವರೊಂದಿಗೆ ಪಂದ್ಯ. ನಮ್ಮವರು ಒಂದೇ ಅಂಕದಿಂದ ಗೆದ್ದರು. ಕೊನೆಯ ನಿಮಿಷದಲ್ಲಿ ಪವಿತ್ರ ಎದುರಾಳಿಯ ಕೈಯಿಂದ ಚೆಂಡು ಕಿತ್ತುಕೊಂಡು ಹೋಗಿ ಬುಟ್ಟಿಗೆ ಹಾಕಿದ್ದು. ಮೆಟ್ಟಿಲು ಎದ್ದು ಕುಣಿಯಿತು. ಪುಟ್ಟಸ್ವಾಮಣ್ಣ ಎಂಟು ಕೊಟ್ಟರು. ಅಕ್ರಂ ಎಂಟು ಕೊಟ್ಟ. ಇಬ್ಬರೂ ನನ್ನ ಮುಖ ನೋಡಿದರು. ನನ್ನ ಸ್ವಂತ ಅಕ್ಕನ ಮಗಳು, ನನ್ನ ಮನೆಯ ಮುದ್ದೆ ಉಂಡು ಬೆಳೆಯುತ್ತಿರುವವಳು. ನಾನು ಹೆಚ್ಚು ಕೊಟ್ಟರೆ ಜನ ಏನೆಂದಾರು! ನನ್ನ ನಿಷ್ಪಕ್ಷಪಾತತೆ ಎಂಬುದೊಂದಿತ್ತಲ್ಲ, ಅದಕ್ಕೆ ಮೈಯೆಲ್ಲಾ ಉಬ್ಬಿತು. ನಾಲ್ಕು ಕೊಟ್ಟೆ. ಷರಾ: ‘ಓಡುವುದು ಚೆನ್ನಾಗಿದೆ. ಎಲ್ಲಿಗೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ.’ ಗುಂಪಿನಲ್ಲಿ ನಗುವ ಮುಖಗಳು ಸಾಲುಗಟ್ಟಿದವು. ಆ ರಾತ್ರಿ ಪವಿತ್ರ ತಟ್ಟೆಗೆ ಅನ್ನ ಹಾಕಿಸಿಕೊಂಡಳು, ನನ್ನ ಕಡೆ ನೋಡಲಿಲ್ಲ. ದಣಿದಿದ್ದಾಳೆ ಎಂದುಕೊಂಡೆ. ನನ್ನ ಬುದ್ಧಿವಂತಿಕೆಗೆ ನೀವೇ ಅಂಕ ಕೊಡಿ.

ಭಾನುವಾರ ಭಾವ ಬರಲಿಲ್ಲ. ಸೋಮವಾರ ಅಕ್ಕ ಫೋನು ಮಾಡಿ, “ಅವ್ರು ಸೈನ್ ಆಕಾಕಿಲ್ವಂತೆ, ನೀನೇ ಬಂದ್ ಮಾತಾಡು” ಎಂದಳು. ಮಂಗಳವಾರ ಒಪ್ಪಿಗೆ ಪತ್ರ ಜೇಬಿಗಿಟ್ಟು ಸ್ಕೂಟರ್ ಹತ್ತಿ, ನಾಲೆಯ ಏರಿ ಮೇಲೆ ಕೊತ್ತತ್ತಿಗೆ ಹೋದೆ. ಭಾವ ಕೊಟ್ಟಿಗೆಯ ಮುಂದೆ ಹುಲ್ಲು ಕತ್ತರಿಸುತ್ತಿದ್ದರು. ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

“ಬಾಪ್ಪಾ ಮೇಷ್ಟ್ರೇ. ನಿನ್ ಮಾರ್ಕ್ಸ್ ಕಾರ್ಡು ನಮ್ ಊರ್ಗೂ ಬಂತು. ಡೇರಿ ತಾವ ಆಲು ಅಳ್ಸಕ್ ಓಗಿದ್ದೆ. ಯಾವನೋ ಫೋನ್ ನೋಡ್ಕಂಡು ಎಲ್ರುಗೂ ಕೇಳಂಗೆ ಓದ್ದ. ನಿನ್ ಮಗಳ್ಗೆ ಅತ್ತಕ್ಕೆ ನಾಕು, ಅವಳ್ ಎಲ್ಲಿಗ್ ಓಡ್ತಳೆ ಅಂತ ಅವಳ್ಗೇ ಗೊತ್ತಿಲ್ವಂತೆ ಅಂದ. ಎಲ್ಲಿಗ್ ಓಡ್ತಳೋ ಗೊತ್ತಿಲ್ದೆ ಇರೋ ಎಣ್ ಮಗೀನ ನಾನು ಬೆಂಗ್ಳೂರ್ಗೆ ಕಳ್ಸ್ಲಾ?”

ಉಳಿದಿಬ್ಬರು ಎಂಟೆಂಟು ಕೊಟ್ಟಿದ್ದಾರೆ ಭಾವ ಎಂದೆ.

“ಒಬ್ಬ ಬೆಲ್ಲ ಮಾರೋನು, ಒಬ್ಬ ಮೋಟ್ರು ಬಿಚ್ಚೋನು. ಮಾರ್ಕ್ಸ್ ಕೊಡಕ್ಕೆ ಅಂತ ಗೌರ್ಮೆಂಟು ಸಂಬ್ಳ ಕೊಡದು ನಿಂಗೆ. ಸ್ವಂತ ಸ್ವಾದರಮಾವ. ನೀನೇ ನಾಕು ಅಂದ್ಮೇಲೆ ಮುಗೀತು.”

“ಭಾವ, ಅದು ತಮಾಷೆಗೆ ಬರೆಯೋದು. ಅಲ್ಲಿ ನಾಲ್ಕು ಅಂದ್ರೆ ನಾಲ್ಕಲ್ಲ...”

ಅವರು ಕುಡುಗೋಲು ಕೆಳಗಿಟ್ಟರು. “ತಮಾಸೆಗೂ ಮಾರ್ಕ್ಸ್ ಕೊಡ್ತಾರೇನ್ಲಾ? ಅಂಗಾರೆ ಪರೀಕ್ಸೆ ಬರ್ದ ಮಕ್ಕಳ್ಗೂ ಇಂಗೇ ಕೊಡದಾ ನೀನು?”

ಇಷ್ಟು ವರ್ಷದಲ್ಲಿ ಯಾವ ಮುಖ್ಯ ಪರೀಕ್ಷಕರೂ ನನ್ನನ್ನು ಕೇಳದ ಪ್ರಶ್ನೆ ಅದು. ನಾನು ಹಸುವಿನ ಮುಖ ನೋಡಿದೆ. ಅದೂ ನನ್ನ ಮುಖ ನೋಡಿತು, ಉತ್ತರ ಹೇಳಿಕೊಡಲಿಲ್ಲ. ಅಷ್ಟರಲ್ಲಿ ಅಕ್ಕ ಕಾಫಿ ಲೋಟ ಹಿಡಿದು ಬಂದವಳು ಅದನ್ನು ನನ್ನ ಕೈಗೆ ಕೊಡದೆ ಜಗಲಿಯ ಮೇಲೆ ಕುಕ್ಕಿದಳು. “ಊರೋರ್ ಮಕ್ಕಳ್ಗೆಲ್ಲಾ ಎಂಗಾನಾ ಬರ್ಕೊ. ಇವಳ್ಗ್ಯಾಕ್ಲಾ ನಾಕು ಕೊಟ್ಟೆ? ಅದನ್ ಯೋಳು.”

ಹೇಳಿದೆ. ನಮ್ಮ ಹುಡುಗಿ ಎಂದು ಜಾಸ್ತಿ ಕೊಟ್ಟ ಅನ್ನುತ್ತಾರೆಂಬ ಭಯ, ಅದಕ್ಕೇ ಕಡಿಮೆ ಹಾಕಿದೆ ಎಂದೆ. ಹೇಳುತ್ತಿದ್ದಂತೆ ನನಗೇ ಅಸಹ್ಯವೆನಿಸಿತು. ಮಗುವಿನ ಶಿಬಿರ ಹಾಳಾದರೂ ಸರಿ, ಗುಂಪಿನಲ್ಲಿ ನನ್ನ ಮೀಸೆ ಮಣ್ಣಾಗಬಾರದು. ಅಷ್ಟೇ ಅದರ ಅರ್ಥ.

ಭಾವ ಕತ್ತರಿಸಿದ ಹುಲ್ಲನ್ನು ಬಾಚಿ ಹಸುವಿನ ಮುಂದೆ ಹಾಕಿದರು. “ಈಗ ಸುಳ್ ಯೋಳ್ಬ್ಯಾಡ. ಅವತ್ತು ಅವಳ್ಗೆ ಎಷ್ಟು?”

“ಒಂಬತ್ತು.”

“ಇನ್ನೊಂದ್ ಯಾಕ್ ಕಮ್ಮಿ?”

“ಹತ್ತು ಕೊಟ್ಟು ಅಭ್ಯಾಸ ಇಲ್ಲ ಭಾವ.”

“ನಾಕು ಅಂತ ಎಲ್ಲಿ ಬರ್ದಿದ್ಯೋ ಅಲ್ಲೇ ಬರಿ.”

ಕೊಟ್ಟಿಗೆಯ ಮುಂದೆ ನಿಂತು ಬರೆದೆ: ‘ಶನಿವಾರದ ಪಂದ್ಯದಲ್ಲಿ ಪವಿತ್ರಳಿಗೆ ನಾನು ಕೊಟ್ಟ ನಾಲ್ಕು ಅಂಕ ತಪ್ಪು. ಒಂಬತ್ತು ಎಂದು ಓದಿಕೊಳ್ಳುವುದು.’ ಅಂಕ ತಿದ್ದುವ ಪದ್ಧತಿ ಇಲ್ಲದ ಮಹಾನುಭಾವ, ಸಗಣಿಯ ಪಕ್ಕದಲ್ಲಿ ನಿಂತು ತಿದ್ದಿದೆ. ನಿಮಿಷ ಕಳೆಯುವುದರೊಳಗೆ ಗುಂಪಿನಲ್ಲಿ ಪುಟ್ಟಸ್ವಾಮಣ್ಣನ ಧ್ವನಿ ಸಂದೇಶ ಬಂತು: “ಏನ್ ಮೇಷ್ಟ್ರೇ, ಪಾಕ ಇಳ್ದೋಯ್ತಾ?” ಗುಂಪು ಬಿದ್ದು ಬಿದ್ದು ನಕ್ಕಿತು. ಭಾವ ನಗಲಿಲ್ಲ. ಕೈ ತೊಳೆದುಕೊಂಡು ಬಂದು, ಕನ್ನಡಕ ಹಾಕಿಕೊಂಡು, ಪತ್ರವನ್ನು ಎರಡು ಸಲ ಓದಿ ಸಹಿ ಹಾಕಿದರು. “ನಾಳೀಕೆ ಡೇರಿ ತಾವ ಇದ್ನೂ ಓದುಸ್ತೀನಿ” ಎಂದರು.

ಮನೆಗೆ ಬಂದು ಪತ್ರವನ್ನು ಪವಿತ್ರಳ ಕೈಗಿತ್ತೆ. ನನ್ನ ಮುಖದಲ್ಲಿ ಏನೋ ದೊಡ್ಡ ತ್ಯಾಗ ಮಾಡಿದವನ ಕಳೆ ಇದ್ದಿರಬೇಕು. ಅವಳು ಪತ್ರ ಮಡಿಸಿ ಪುಸ್ತಕದೊಳಗಿಟ್ಟಳು. ಆಮೇಲೆ ಸಿಟ್ಟಿಲ್ಲದೆಯೇ ಹೇಳಿದಳು:

“ಥ್ಯಾಂಕ್ಸ್ ಮಾವ. ಆದ್ರೆ ಒಂಬತ್ತೂ ಸುಳ್ಳು ಕಣ್ ಮಾವ. ನಾನ್ ಅವತ್ತು ಆಡಿದ್ದು ಆರು ಮಾರ್ಕಿನ ಆಟ. ಆ ಬುಟ್ಟಿ ಹಾಕೋಕೆ ಮುಂಚೆ, ಯಾರೂ ಅಡ್ಡ ಬರದ ಎರಡು ಫ್ರೀ ಥ್ರೋನೂ ಮಿಸ್ ಮಾಡ್ದೆ. ನಾನು ತಡೀಬೇಕಿದ್ದ ಹುಡುಗಿ ಮೂರು ಸಲ ನನ್ನ ದಾಟ್ಕೊಂಡ್ ಹೋದ್ಲು. ಅದಕ್ಕೇ ಪಂದ್ಯ ಅಷ್ಟು ಹತ್ರ ಬಂದಿದ್ದು. ನಿಂಗೆ ಗೊತ್ತಾ ಅದು?”

ಗೊತ್ತಿರಲಿಲ್ಲ.

“ಫ್ರೀ ಥ್ರೋ ಹೊಡೆಯೋವಾಗ ನಿನ್ ಕಡೆ ನೋಡಿದೆ. ನೀನು ತಲೆ ಬಗ್ಗಿಸ್ಕೊಂಡು ಷರಾ ಬರೀತಿದ್ದೆ. ಇಷ್ಟು ದಿನ ಒಂದ್ ಮ್ಯಾಚನ್ನಾದ್ರೂ ನೀನು ಪೂರ್ತಿ ನೋಡಿದೀಯಾ ಮಾವ?”

ನಾಲ್ಕೂ ನನ್ನ ಮರ್ಯಾದೆಗೆ ಕೊಟ್ಟ ಅಂಕ, ಒಂಬತ್ತೂ ನನ್ನ ಪಶ್ಚಾತ್ತಾಪಕ್ಕೆ ಕೊಟ್ಟ ಅಂಕ. ಆಡಿದವಳಿಗೆ ಕೊಟ್ಟದ್ದು ಯಾವುದೂ ಇಲ್ಲ. ನನಗೆ ನಾಚಿಕೆಯಾಯಿತು. ಭಾವನ ಮುಂದೆ ಆದದ್ದು ಅವಮಾನ, ಇದು ನಾಚಿಕೆ. ಎರಡೂ ಬೇರೆ ಎಂದು ನನಗೆ ಆವತ್ತೇ ತಿಳಿದದ್ದು.

ಪವಿತ್ರ ಶಿಬಿರಕ್ಕೆ ಹೋದಳು. ರಾಜ್ಯ ತಂಡದ ಹನ್ನೆರಡು ಮಂದಿಯಲ್ಲಿ ಅವಳ ಹೆಸರು ಬರಲಿಲ್ಲ. “ಅಲ್ಲಿ ಆಡೋರನ್ನ ನೋಡ್ಬೇಕಿತ್ತು ನೀನು” ಎಂದು ಕಣ್ಣರಳಿಸಿ ವಾಪಸು ಬಂದಳು. ನಾನು ಪಟ್ಟಿ ಬರೆಯುವುದನ್ನು ಅಕ್ರಂನಿಗೆ ಒಪ್ಪಿಸಿದೆ. ಅವನ ಷರಾಗಳಲ್ಲಿ ಈಗಲೂ ಬೇರಿಂಗು, ಗ್ರೀಸುಗಳೇ ತುಂಬಿವೆ. ನಾನು ಸುಮ್ಮನೆ ನೋಡಲು ಕೂತೆ. ಸುಮ್ಮನೆ ನೋಡುವುದು ಸುಲಭ ಎಂದುಕೊಂಡಿದ್ದೀರಾ? ಮೊದಮೊದಲು ನನ್ನ ಕಣ್ಣು ಚೆಂಡಿನ ಹಿಂದೆಯೇ ಹೋಗುತ್ತಿತ್ತು. ಚೆಂಡಿಲ್ಲದ ನಾಲ್ವರು ಏನು ಮಾಡುತ್ತಿದ್ದಾರೆಂದು ನೋಡುವುದಕ್ಕೆ ವರ್ಷಗಳೇ ಹಿಡಿದವು. ಬಾಯಿ ಮುಚ್ಚಿಕೊಳ್ಳುವುದಕ್ಕೆ ಅದಕ್ಕಿಂತ ಹೆಚ್ಚು ಹಿಡಿಯಿತು.

ಪವಿತ್ರ ಈಗ ಮಳವಳ್ಳಿ ಕಡೆ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ಮೊನ್ನೆ ಭಾನುವಾರ ತನ್ನ ಶಾಲೆಯ ಹುಡುಗಿಯರನ್ನು ಕರೆದುಕೊಂಡು ಮಂಡ್ಯಕ್ಕೆ ಆಡಿಸಲು ಬಂದಿದ್ದಳು. ಹುಡುಗಿಯರು ಸೋತರು, ಚೆನ್ನಾಗಿಯೇ ಸೋತರು. ಪಂದ್ಯ ಮುಗಿದು ಮೆಟ್ಟಿಲು ಖಾಲಿಯಾದ ಮೇಲೆ ಅವಳು ನನ್ನ ಬಳಿ ಬಂದಳು.

“ಹೆಂಗ್ ಆಡಿದ್ರು ಮಾವ ನಮ್ ಹುಡ್ಗೀರು?”

ನಿಧಾನವಾಗಿ ಹೇಳಿದೆ. ಎರಡು ಜಡೆಯ ಹುಡುಗಿ ಪಾಸು ಕೊಟ್ಟ ಮೇಲೆ ನಿಂತುಬಿಡುತ್ತಾಳೆ. ಎಡಗೈಯವಳಿಗೆ ಬಲಗಡೆಯಿಂದ ಯಾರಾದರೂ ಬಂದರೆ ಕಾಣುವುದಿಲ್ಲ. ಎಲ್ಲರಿಗಿಂತ ಗಿಡ್ಡದವಳು ಒಂದು ಸಲವೂ ಬುಟ್ಟಿಗೆ ಹಾಕಲಿಲ್ಲ, ಆದರೆ ಜಾಗ ಖಾಲಿಯಾದಲ್ಲೆಲ್ಲಾ ಅವಳೇ ಓಡಿಹೋಗಿ ನಿಲ್ಲುತ್ತಿದ್ದಳು, ಅದನ್ನು ಯಾರೂ ಗಮನಿಸಿ ಚೆಂಡು ಕೊಡಲಿಲ್ಲ.

ಪವಿತ್ರ ನನ್ನನ್ನೇ ನೋಡುತ್ತಿದ್ದಳು. ಏನು ಎಡವಟ್ಟು ಮಾತಾಡಿದೆನೋ ಎಂದು ನಿಲ್ಲಿಸಿದೆ. ಅವಳು ಬ್ಯಾಗಿನಿಂದ ಒಂದು ನೋಟ್‌ಬುಕ್ಕು ತೆಗೆದು, ನನಗಿಂತ ಒಂದು ಮೆಟ್ಟಿಲು ಕೆಳಗೆ ಕೂತಳು.

“ಆ ಗಿಡ್ಡದವಳ ವಿಷ್ಯ ಇನ್ನೊಂದ್ಸಲ ಹೇಳು ಮಾವ” ಎಂದಳು, “ಬರ್ಕೋತೀನಿ.”